ಪಿಜ್ಜಾ ಬಿಲ್ಲಿನ ಪಕ್ಕವಾದ್ಯ ಕಡಿಮೆ ಮಾಡೋದು ಹೇಗೆ?

ಮಗಳ ಹುಟ್ಟುಹಬ್ಬಕ್ಕೆ ನಾವು ನಾಲ್ಕೂ ಜನ ಊಟಕ್ಕೆ ಹೋಗಿದ್ದೆವು. ದಾವಣಗೆರೆಯಲ್ಲೇ, ಯಾವ ಊರಿಗೆ ಹೋದರೂ ಒಂದೇ ಬೋರ್ಡು, ಒಂದೇ ಮೆನು ಇರುವಂಥ ಒಂದು ಚೈನ್ ರೆಸ್ಟೋರೆಂಟಿಗೆ. ಬಿಲ್ಲು 1,440 ರೂಪಾಯಿ ಆಯಿತು. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮಗರಾಯ ಕೇಳಿದ: 'ಅಮ್ಮಾ, ಮೊಸರನ್ನ ಇದೆಯಾ?'

ಆ ಬಿಲ್ಲನ್ನು ಬಿಸಾಕಲಿಲ್ಲ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ಬೆಣ್ಣೆ ದೋಸೆ ಊರಲ್ಲಿ ಕೂತು 'ಅಂಥ ಕಡೆ ಹೋಗಲೇಬೇಡಿ' ಅಂತ ಬರೆಯೋದು ಸುಲಭ. ಆದರೆ ಮನೆಯಲ್ಲಿ ಹೈಸ್ಕೂಲು ಮಕ್ಕಳಿದ್ದರೆ ಆ ಮಾತು ನಡೆಯಲ್ಲ, ಅಲ್ವಾ? ಹಾಗಾಗಿ ಹೋಗೋಣ, ಲೆಕ್ಕ ಹಾಕಿಕೊಂಡು ಹೋಗೋಣ.

ಮೊದಲು ಹಳೇ ಬಿಲ್ಲು, ಒಂದು ಪೆನ್ಸಿಲ್ಲು

ಕೊನೇ ಸಲ ಹೋಗಿದ್ದರ ಬಿಲ್ಲು ಹುಡುಕಿ. ಕಾಗದ ಇಲ್ಲದಿದ್ದರೆ ಫೋನಿನ ಮೆಸೇಜಿನಲ್ಲಿ ಇರುತ್ತದೆ. ಹೊಟ್ಟೆ ತುಂಬಿಸಿದ ಸಾಲಿಗೆ ಟಿಕ್ ಹಾಕಿ, ಉಳಿದದ್ದಕ್ಕೆ ಸುತ್ತು ಹಾಕಿ. ತೆರಿಗೆ ಬಿಟ್ಟು ನಮ್ಮದು ಹೀಗಿತ್ತು. ಎರಡು ಪಿಜ್ಜಾ 878. ಗಾರ್ಲಿಕ್ ಬ್ರೆಡ್ 149. ತಂಪು ಪಾನೀಯ ಮೂರು, ಒಟ್ಟು 225. ಚಾಕೊಲೇಟ್ ಕೇಕು 119. ಟಿಕ್ ಬಿದ್ದದ್ದು ಮೊದಲ ಸಾಲಿಗೆ ಮಾತ್ರ. ಉಳಿದ 493 ರೂಪಾಯಿ ಬರೀ ಪಕ್ಕವಾದ್ಯ. ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ! ನಾನು ಇಷ್ಟು ದಿನ ಪಿಜ್ಜಾಕ್ಕೇ ಶಾಪ ಹಾಕುತ್ತಿದ್ದೆ, ಪಾಪ.

ಏನು ತಿನ್ನೋದು ಅಂತ ಮನೆಯಲ್ಲೇ ತೀರ್ಮಾನಿಸಿ

ಕೌಂಟರಿನಲ್ಲಿ ನಿಂತಾಗ 'ಇನ್ನು ಎಂಬತ್ತು ರೂಪಾಯಿ ಹಾಕಿದ್ರೆ ಕಾಂಬೋ ಆಗುತ್ತೆ ಮೇಡಂ' ಅಂತಾರೆ. ಹಿಂದೆ ಕ್ಯೂ ಇರುತ್ತೆ, ಮಕ್ಕಳು ಸೆರಗು ಎಳೀತಿರುತ್ತಾರೆ. ನಾವು ಹೂಂ ಅಂದುಬಿಡುತ್ತೇವೆ. ಕಾಂಬೋ ಲಾಭವೋ ಅಲ್ಲವೋ ತಿಳಿಯಲು ಒಂದೇ ಪ್ರಶ್ನೆ ಸಾಕು: ಅದರೊಳಗಿನ ಎಲ್ಲವನ್ನೂ ನಾವು ಬಿಡಿಯಾಗಿ ತಗೋತಿದ್ದೆವಾ? ಇಲ್ಲ ಅಂದರೆ ಅದು ಉಳಿತಾಯ ಅಲ್ಲ, ಹೊಸ ಖರ್ಚು.

ಹಸಿದುಕೊಂಡು ಹೋಗಬೇಡಿ. ಇದಕ್ಕೆ ನಮ್ಮೂರಲ್ಲಿ ಮದ್ದು ಇದ್ದೇ ಇದೆ. ಸಂಜೆ ಐದಕ್ಕೆ ಮಂಡಕ್ಕಿ, ಪುಟಾಣಿ ಪುಡಿ, ಹೆಚ್ಚಿದ ಈರುಳ್ಳಿ, ಪಕ್ಕದಲ್ಲಿ ಒಂದೊಂದು ಮೆಣಸಿನಕಾಯಿ ಬಜ್ಜಿ. ಏಳೂವರೆಗೆ ಹೋದಾಗ ಗಾರ್ಲಿಕ್ ಬ್ರೆಡ್ ಯಾರಿಗೂ ನೆನಪಾಗಲ್ಲ.

ಪಿಜ್ಜಾಕ್ಕೆ ಏಳನೇ ಕ್ಲಾಸಿನ ಗಣಿತ

ಈ ಲೆಕ್ಕ ನನಗೆ ತುಂಬಾ ಇಷ್ಟ. ಸಣ್ಣ ಪಿಜ್ಜಾ ಸಾಮಾನ್ಯವಾಗಿ 7 ಇಂಚು ಅಗಲ, ಮಧ್ಯಮ 10 ಇಂಚು. 'ಮೂರೇ ಇಂಚು ಜಾಸ್ತಿ, ಅದಕ್ಯಾಕೆ ಇಷ್ಟೊಂದು ದುಡ್ಡು' ಅಂತ ನಾವು ಸಣ್ಣದು ಎರಡು ಹೇಳುತ್ತೇವೆ. ಅಗಲವನ್ನು ಅಗಲದಿಂದಲೇ ಗುಣಿಸಿ ನೋಡಿ. ಏಳೇಳ್ಲಿ 49, ಎರಡು ಸೇರಿ 98. ಹತ್ತು ಹತ್ಲಿ 100. ಅಂದರೆ ಒಂದು ಮಧ್ಯಮ ಪಿಜ್ಜಾದಲ್ಲಿ ಎರಡು ಸಣ್ಣದಕ್ಕಿಂತ ಕೂದಲೆಳೆಯಷ್ಟು ಜಾಸ್ತಿಯೇ ಇದೆ. ಒಂದು ಮಧ್ಯಮದ ಬೆಲೆ ಎರಡು ಸಣ್ಣದಕ್ಕಿಂತ ಕಡಿಮೆ ಇದ್ದರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ದೋಸೆಗೂ ಇದೇ ಲೆಕ್ಕ ಹಾಕಬಹುದು, ಆದರೆ ದೋಸೆ ಮುಂದೆ ಕೂತು ಸ್ಕೇಲು ಹಿಡಿಯುವ ಧೈರ್ಯ ನನಗಿಲ್ಲ.

ಬಿಲ್ಲನ್ನು ಕೆಳಗಿನಿಂದ ಓದಿ

ರೆಸ್ಟೋರೆಂಟ್ ಊಟದ ಮೇಲಿನ ಜಿಎಸ್‌ಟಿ 2017ರ ನವೆಂಬರ್ 15ರಿಂದ ಶೇ 5. ಎಸಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ ಅಂತ ಎರಡು ಸಾಲಾಗಿ ಬರುತ್ತದೆ. ದುಬಾರಿ ಬಾಡಿಗೆಯ ರೂಮುಗಳಿರುವ ದೊಡ್ಡ ಹೋಟೆಲುಗಳ ಊಟಕ್ಕೆ ಶೇ 18 ಬೀಳುವುದುಂಟು. ವರ್ಷದ ವಹಿವಾಟು ಒಂದೂವರೆ ಕೋಟಿಯೊಳಗಿದ್ದು ಕಾಂಪೊಸಿಷನ್ ಪದ್ಧತಿ (ಒಟ್ಟು ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟುವ ವ್ಯವಸ್ಥೆ) ಆರಿಸಿಕೊಂಡ ಹೋಟೆಲಿನವರು ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವಂತೆಯೇ ಇಲ್ಲ.

'ಸರ್ವಿಸ್ ಚಾರ್ಜ್' ಅಂತ ಇನ್ನೊಂದು ಸಾಲು ಕಂಡರೆ ಅಲ್ಲಿ ನಿಲ್ಲಿ. ಅದು ತೆರಿಗೆ ಅಲ್ಲ, ಸರ್ಕಾರಕ್ಕೆ ಹೋಗುವ ದುಡ್ಡೂ ಅಲ್ಲ. ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿತು. ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. 'ಇದನ್ನು ತೆಗೀರಿ' ಅಂತ ಮೆತ್ತಗೆ ಹೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಮಾಣಿ ಚೆನ್ನಾಗಿ ನೋಡಿಕೊಂಡಿದ್ದರೆ ಅವನ ಕೈಗೇ ದುಡ್ಡು ಕೊಡಿ, ಅದು ಬೇರೆ ವಿಷಯ.

ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ಹಾಕಿದ್ದಾರೆ ಅಂತ ಜಗಳಕ್ಕೆ ಹೋಗಬೇಡಿ, ಸೋಲುತ್ತೀರಿ. ಹೋಟೆಲಿನವರು ಹಾಗೆ ಮಾರಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಕೂತ ತಕ್ಷಣ 'ಮಾಮೂಲಿ ನೀರು ಕೊಡಿ' ಅಂದುಬಿಡಿ. ಸುಮ್ನೆ ಕೂತರೆ ಬಾಟಲಿಯ ಮುಚ್ಚಳ ತೆರೆದೇ ಬರುತ್ತೆ.

ಆ್ಯಪಿನಲ್ಲಿ ತರಿಸುವವರಿಗೆ ಒಂದೇ ಮಾತು. ಕೌಂಟರಿನ ಬೆಲೆಯನ್ನೂ ಆ್ಯಪಿನ ಬೆಲೆಯನ್ನೂ ಒಮ್ಮೆ ಅಕ್ಕಪಕ್ಕ ಇಟ್ಟು ನೋಡಿ. ಆಮೇಲೆ ನೀವೇ ಸ್ಕೂಟರ್ ಕೀ ಹುಡುಕುತ್ತೀರಿ.

ಮೂರು ವಾರ ಮನೆ, ಒಂದು ವಾರ ಹೊರಗೆ

ನಾವು ಮಾಡಿಕೊಂಡ ಒಪ್ಪಂದ ಇದು. ತಿಂಗಳಿಗೆ ಒಂದೇ ಭಾನುವಾರ ಹೊರಗೆ, ಎಲ್ಲಿಗೆ ಅನ್ನೋದು ಮಕ್ಕಳ ಆಯ್ಕೆ. ಉಳಿದ ಭಾನುವಾರ ಮನೆಯಲ್ಲೇ ಬೆಣ್ಣೆ ದೋಸೆ.

ದೋಸೆ ಅಕ್ಕಿ ಮೂರು ಲೋಟ, ಉದ್ದಿನ ಬೇಳೆ ಅರ್ಧ ಲೋಟ, ಮೆಂತ್ಯ ಒಂದು ಚಮಚ. ಇವನ್ನು ಐದಾರು ಗಂಟೆ ನೆನೆಸಿ. ರುಬ್ಬುವ ಹತ್ತು ನಿಮಿಷ ಮುಂಚೆ ಒಂದು ದೊಡ್ಡ ಲೋಟ ಮಂಡಕ್ಕಿ ನೆನೆಸಿ, ಹಿಂಡಿ ಸೇರಿಸಿ. ಮಂಡಕ್ಕಿ ಬಿಟ್ಟರೆ ಆ ಮೆತ್ತನೆ ಬರಲ್ಲ. ರಾತ್ರಿಯಿಡೀ ಹುಳಿ ಬರಲಿ. ಕಬ್ಬಿಣದ ಹಂಚು ಚೆನ್ನಾಗಿ ಕಾಯಬೇಕು. ನೀರು ಚಿಮುಕಿಸಿದರೆ ಚುಂಯ್ ಅಂತ ಹಾರಿಹೋಗಬೇಕು. ಹಿಟ್ಟನ್ನು ತೀರಾ ತೆಳ್ಳಗೆ ಎಳೆಯಬೇಡಿ. ಅಂಚಿಗೆಲ್ಲ ಬೆಣ್ಣೆ ಹಾಕಿ. ತಟ್ಟೆಗೆ ಬಿದ್ದ ಮೇಲೆ ಮೇಲೊಂದು ಮುದ್ದೆ. ಉಪ್ಪಿಲ್ಲದ ಬಿಳಿ ಬೆಣ್ಣೆಯೇ ಆಗಬೇಕು, ಇದರಲ್ಲಿ ರಾಜಿ ಇಲ್ಲ. ಆಲೂಗಡ್ಡೆ ಪಲ್ಯಕ್ಕೆ ಅರಿಶಿನ ಬೇಡ, ಬೆಳ್ಳಗೇ ಇರಲಿ.

ಹದಿನೈದು ಹದಿನಾರು ದೋಸೆ ಆಗುತ್ತವೆ. ಕಳೆದ ಭಾನುವಾರ ನಮ್ಮ ಮನೆಯಲ್ಲಿ ಗ್ಯಾಸು ಬಿಟ್ಟು ಸುಮಾರು 190 ರೂಪಾಯಿ ಆಯಿತು, ಅದರಲ್ಲಿ ಬೆಣ್ಣೆಯದೇ 85. ಈ ಬೆಣ್ಣೆಗೆ ನಾನು ಸುತ್ತು ಹಾಕಲಿಲ್ಲ, ಟಿಕ್ಕೇ ಹಾಕಿದೆ.

ಉಳಿದ ಪಿಜ್ಜಾ ಏನು ಮಾಡೋದು?

ಕಟ್ಟಿಸಿಕೊಂಡು ಬನ್ನಿ, ನಾಚಿಕೆ ಬೇಡ. ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಅದೇ ದೋಸೆ ಹಂಚನ್ನು ಸಣ್ಣ ಉರಿಯ ಮೇಲಿಟ್ಟು ತುಂಡುಗಳನ್ನು ಜೋಡಿಸಿ. ಪಕ್ಕದಲ್ಲಿ ನಾಲ್ಕು ಹನಿ ನೀರು ಬಿಟ್ಟು ತಟ್ಟೆ ಮುಚ್ಚಿ. ಮೂರ್ನಾಲ್ಕು ನಿಮಿಷದಲ್ಲಿ ತಳ ಗರಿಗರಿಯಾಗಿ, ಮೇಲಿನ ಚೀಸು ಕರಗಿರುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಕಾಯಿ ಚಟ್ನಿ ಹಚ್ಚಿಕೊಂಡು ತಿನ್ನುವವರೂ ಇದ್ದಾರೆ. ಹೆಸರು ಹೇಳಬೇಡ ಅಂದಿದ್ದಾರೆ.