ವೈಡ್ ರಿಸೀವರ್‌ಗಳನ್ನು ಅಳೆಯುವುದು, ರ‍್ಯಾಂಕ್ ಹಾಕುವುದು: ಬೆಂಗಳೂರಿನಿಂದ ಫ್ಯಾಂಟಸಿ ಫುಟ್‌ಬಾಲ್ ಆಡುವವರಿಗೆ

ಅಮೆರಿಕನ್ ಫುಟ್‌ಬಾಲ್‌ನ ಲೀಗ್ ಆದ ಎನ್‌ಎಫ್‌ಎಲ್‌ನ ನಿಜವಾದ ಆಟಗಾರರನ್ನು ಆರಿಸಿ ನಿಮ್ಮದೇ ತಂಡ ಕಟ್ಟುವ ಆಟ ಫ್ಯಾಂಟಸಿ ಫುಟ್‌ಬಾಲ್; ಅವರು ಮೈದಾನದಲ್ಲಿ ಆಡಿದಂತೆ ನಿಮಗೆ ಪಾಯಿಂಟ್. ಅದರಲ್ಲಿ ವೈಡ್ ರಿಸೀವರ್, ಅಂದರೆ ಮುಂದೆ ಓಡಿ ಪಾಸ್ ಹಿಡಿಯುವವನು, ಪಾಯಿಂಟ್ ಗಳಿಸುವುದು ಮೂರು ದಾರಿಯಲ್ಲಿ: ಹಿಡಿದ ಕ್ಯಾಚ್, ಸಾಗಿದ ಯಾರ್ಡ್, ಟಚ್‌ಡೌನ್ (ಎದುರಾಳಿಯ ತುದಿಯ ಎಂಡ್ ಝೋನ್‌ಗೆ ಚೆಂಡು ಮುಟ್ಟಿಸುವುದು). ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಆತನ ಕಡೆಗೆ ಎಸೆಯದಿದ್ದರೆ ಈ ಮೂರರಲ್ಲಿ ಒಂದೂ ಇಲ್ಲ. ಹಾಗೆ ಎಸೆದ ಪ್ರತಿ ಚೆಂಡಿಗೂ ಟಾರ್ಗೆಟ್ ಎಂದು ಹೆಸರು. ಕ್ರಿಕೆಟ್‌ನಲ್ಲಿ ಮೂರನೇ ಕ್ರಮಾಂಕದವನಿಗೂ ಏಳನೇ ಕ್ರಮಾಂಕದವನಿಗೂ ಆಡಲು ಸಿಗುವ ಚೆಂಡುಗಳಲ್ಲಿ ಎಷ್ಟು ಅಂತರವಿದೆಯೋ, ಇಲ್ಲಿ ಟಾರ್ಗೆಟ್‌ಗಳಲ್ಲೂ ಅಷ್ಟೇ ಅಂತರವಿರುತ್ತದೆ. ಆದ್ದರಿಂದ ಪಟ್ಟಿ ಮಾಡಲು ಕೂತಾಗ ಮೊದಲು ನೋಡಬೇಕಾದ್ದು ಟಾರ್ಗೆಟ್. ಹೋದ ವರ್ಷದ ಒಟ್ಟು ಪಾಯಿಂಟ್ ಆಮೇಲೆ. ಒಂದೇ ಕೈಯಲ್ಲಿ ಹಿಡಿದ ಕ್ಯಾಚಿನ ವಿಡಿಯೊ ಲೆಕ್ಕಕ್ಕೇ ಬೇಡ.

ಲೀಗ್‌ನ ನಿಯಮ ಮೊದಲು

ಆಫೀಸಿನ ಅಮೆರಿಕನ್ ಸಹೋದ್ಯೋಗಿಗಳು ಲಿಂಕ್ ಕಳಿಸಿದ ಕೂಡಲೇ ಸೇರಿಕೊಂಡು, ಸೆಟ್ಟಿಂಗ್ಸ್ ಪುಟ ತೆರೆಯದೆ ಡ್ರಾಫ್ಟ್‌ಗೆ, ಅಂದರೆ ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವ ಸುತ್ತುಗಳಿಗೆ, ಹೋಗುವವರು ಬಹಳ. ಹಾಗೆ ಮಾಡಬೇಡಿ. ನೋಡಬೇಕಾದ್ದು ಎರಡು ವಿಷಯ. ಮೊದಲನೆಯದು, ಪ್ರತಿ ಕ್ಯಾಚ್‌ಗೆ ಎಷ್ಟು ಪಾಯಿಂಟ್ ಎಂಬುದು. ಪೂರ್ತಿ ಪಿಪಿಆರ್ (ಪಾಯಿಂಟ್ ಪರ್ ರಿಸೆಪ್ಷನ್, ಅಂದರೆ ಕ್ಯಾಚ್‌ಗೂ ಪಾಯಿಂಟ್) ಆದರೆ 1, ಹಾಫ್ ಪಿಪಿಆರ್ ಆದರೆ 0.5, ಸ್ಟ್ಯಾಂಡರ್ಡ್ ಆದರೆ ಸೊನ್ನೆ. 10 ಯಾರ್ಡ್‌ಗೆ 1 ಪಾಯಿಂಟ್, ಟಚ್‌ಡೌನ್‌ಗೆ 6 ಎಂಬುದು ಸಾಮಾನ್ಯವಾಗಿ ಎಲ್ಲ ಕಡೆಯೂ ಒಂದೇ. ಎರಡನೆಯದು, ಎಷ್ಟು ತಂಡಗಳಿವೆ, ವಾರಕ್ಕೆ ಎಷ್ಟು ರಿಸೀವರ್‌ಗಳನ್ನು ಆಡಿಸಬೇಕು ಎಂಬುದು. 10 ತಂಡ, ತಲಾ 2 ರಿಸೀವರ್ ಎಂದರೆ 20 ಜನ ಸಾಕು. 12 ತಂಡ, ತಲಾ 3 ರಿಸೀವರ್, ಜೊತೆಗೆ ಒಂದು ಫ್ಲೆಕ್ಸ್ (ರಿಸೀವರ್, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್, ಎದುರಾಳಿಯನ್ನು ತಡೆಯುತ್ತಲೇ ಪಾಸನ್ನೂ ಹಿಡಿಯುವ ಟೈಟ್ ಎಂಡ್ ಇವರಲ್ಲಿ ಯಾರನ್ನಾದರೂ ಇಡಬಹುದಾದ ಸ್ಥಾನ) ಎಂದರೆ 40 ದಾಟುತ್ತದೆ. ಒಂದೇ ರ‍್ಯಾಂಕಿಂಗ್ ಎರಡು ಲೀಗಿಗೂ ಹೊಂದುವುದಿಲ್ಲ.

ಹಣ ಕಟ್ಟಿ ಆನ್‌ಲೈನ್‌ನಲ್ಲಿ ಆಡುವ ಆಟಗಳಿಗೆ 2025ರ ಕೇಂದ್ರ ಕಾಯ್ದೆ ತಡೆ ಹಾಕಿದೆ. ಉಚಿತ ಲೀಗಿಗೇ ಸೇರಿ; ಯಾಹೂ, ಇಎಸ್‌ಪಿಎನ್, ಸ್ಲೀಪರ್ ಮೂರರಲ್ಲೂ ಉಚಿತ ಲೀಗ್ ನಡೆಸಬಹುದು.

ಟಾರ್ಗೆಟ್‌ನಿಂದ ಪಾಯಿಂಟ್‌ವರೆಗೆ

ಒಂದು ಎಕ್ಸೆಲ್ ಶೀಟ್ ತೆರೆಯಿರಿ. ಆಟಗಾರನಿಂದ ಶುರು ಮಾಡದೆ ತಂಡದಿಂದ ಶುರು ಮಾಡಿ. ಆ ತಂಡ 17 ಪಂದ್ಯಗಳಲ್ಲಿ ಒಟ್ಟು ಎಷ್ಟು ಪಾಸ್ ಎಸೆಯಬಹುದು? ಹೆಚ್ಚಿನ ತಂಡಗಳು 500ರಿಂದ 620ರ ನಡುವೆ ಇರುತ್ತವೆ. 2024ರಲ್ಲಿ ಸಿನ್ಸಿನಾಟಿಯ ಜೋ ಬರ್ರೋ ಒಬ್ಬರೇ 652 ಪಾಸ್ ಎಸೆದರು. ಅದೇ ವರ್ಷ ಚೆಂಡನ್ನು ಹಿಡಿದು ಓಡುವ ಆಟವನ್ನೇ ನೆಚ್ಚಿಕೊಂಡಿದ್ದ ಫಿಲಡೆಲ್ಫಿಯಾ ಎಸೆದದ್ದು ಸುಮಾರು 450. ತಂಡದ ಕಾಲು ಭಾಗ ಟಾರ್ಗೆಟ್ ಪಡೆಯುವ ಇಬ್ಬರು ರಿಸೀವರ್‌ಗಳು ಈ ಎರಡು ತಂಡಗಳಲ್ಲಿದ್ದರೆ ಅವರ ನಡುವೆ 50 ಟಾರ್ಗೆಟ್ ವ್ಯತ್ಯಾಸ ಬೀಳುತ್ತದೆ. ಪ್ರತಿಭೆ ಸಮಸಮವಾಗಿದ್ದರೂ ಅಷ್ಟೇ.

ಎಸೆದ ಪಾಸ್‌ಗಳಲ್ಲಿ ಸುಮಾರು ನೂರಕ್ಕೆ ಐದನ್ನು ಕಳೆಯಿರಿ. ಒತ್ತಡದಲ್ಲಿ ಹೊರಗೆಸೆದ ಚೆಂಡುಗಳು ಯಾರ ಲೆಕ್ಕಕ್ಕೂ ಬರುವುದಿಲ್ಲ. ಉಳಿದದ್ದನ್ನು ಆಟಗಾರರ ನಡುವೆ ಹಂಚಿ. ಶೇ. 25 ಅಥವಾ ಹೆಚ್ಚು ಪಾಲಿದ್ದರೆ ತಂಡದ ಮುಖ್ಯ ರಿಸೀವರ್, ಶೇ. 18-22 ಎಂದರೆ ಒಳ್ಳೆಯ ಎರಡನೆಯವ, ಶೇ. 15ಕ್ಕಿಂತ ಕೆಳಗಿದ್ದರೆ ವಾರವಾರ ನೆಚ್ಚುವಂತಿಲ್ಲ.

ಒಂದು ಲೆಕ್ಕ ಮಾಡೋಣ. ತಂಡದ ಪಾಸ್ 570, ಟಾರ್ಗೆಟ್ ಆಗಿ ಉಳಿದದ್ದು ಸುಮಾರು 545. ಶೇ. 25 ಪಾಲು ಎಂದರೆ 136 ಟಾರ್ಗೆಟ್. ಶೇ. 65 ಹಿಡಿದರೆ 88 ಕ್ಯಾಚ್. ಟಾರ್ಗೆಟ್‌ಗೆ 8 ಯಾರ್ಡ್ ಎಂದರೆ 1,088 ಯಾರ್ಡ್. ಟಾರ್ಗೆಟ್‌ಗಳಲ್ಲಿ ಶೇ. 4.5 ಟಚ್‌ಡೌನ್ ಆದರೆ 6. ಪಿಪಿಆರ್‌ನಲ್ಲಿ ಒಟ್ಟು 232.8 ಪಾಯಿಂಟ್, ಸ್ಟ್ಯಾಂಡರ್ಡ್‌ನಲ್ಲಿ 144.8.

ಅದೇ ತಂಡದಲ್ಲಿ ದೂರದ ಎಸೆತಗಳಿಗಾಗಿಯೇ ಓಡುವ ಇನ್ನೊಬ್ಬನಿದ್ದಾನೆ ಎನ್ನಿ. ಶೇ. 18 ಪಾಲು, 98 ಟಾರ್ಗೆಟ್. ದೂರದ ಚೆಂಡು ಕೈಗೆ ಸಿಗುವುದು ಕಡಿಮೆ, ಹಾಗಾಗಿ ಶೇ. 55 ಹಿಡಿತ, 54 ಕ್ಯಾಚ್. ಆದರೆ ಟಾರ್ಗೆಟ್‌ಗೆ 9.5 ಯಾರ್ಡ್, ಒಟ್ಟು 931, ಟಚ್‌ಡೌನ್ 7. ಪಿಪಿಆರ್‌ನಲ್ಲಿ ಈತ 189.1, ಸ್ಟ್ಯಾಂಡರ್ಡ್‌ನಲ್ಲಿ 135.1. ಪಿಪಿಆರ್‌ನಲ್ಲಿ ಇಬ್ಬರ ನಡುವೆ 43 ಪಾಯಿಂಟ್‌ಗೂ ಹೆಚ್ಚು ಕಂದಕ; ಸ್ಟ್ಯಾಂಡರ್ಡ್‌ನಲ್ಲಿ 10 ಕೂಡ ಇಲ್ಲ. ಕ್ಯಾಚ್‌ಗೆ ಎಷ್ಟು ಪಾಯಿಂಟ್ ಎಂದು ಮೊದಲೇ ನೋಡಿಕೊಳ್ಳಿ ಎಂದದ್ದು ಇದಕ್ಕೇ.

ಈ ಹಂತದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಇಷ್ಟದ ಆಟಗಾರರಿಗೆಲ್ಲ ಧಾರಾಳವಾಗಿ ಪಾಲು ಕೊಡುತ್ತಾ ಹೋದರೆ ತಂಡದ ಮೊತ್ತ ಶೇ. 115, 120 ಆಗಿಬಿಡುತ್ತದೆ. ಪ್ರತಿ ತಂಡದ ಕೆಳಗೂ ಕೂಡುವ ಸಾಲೊಂದನ್ನು ಇಡಿ. ಟೈಟ್ ಎಂಡ್ ಮತ್ತು ರನ್ನಿಂಗ್ ಬ್ಯಾಕ್‌ಗಳ ಪಾಲೂ ಸೇರಿ 100 ದಾಟಬಾರದು. ದಾಟಿದರೆ ಯಾರದ್ದಾದರೂ ಕಡಿಯಲೇಬೇಕು. ಯಾರದ್ದನ್ನು ಎಂದು ಯೋಚಿಸುವಾಗಲೇ ಆ ತಂಡ ನಿಮಗೆ ಅರ್ಥವಾಗತೊಡಗುತ್ತದೆ.

ಇನ್ನು ಪಂದ್ಯಗಳ ಸಂಖ್ಯೆ. ಎಲ್ಲರಿಗೂ 17 ಹಾಕಬೇಡಿ. ಆರೋಗ್ಯವಾಗಿರುವವನಿಗೂ 16 ಹಾಕುವುದು ಒಳ್ಳೆಯದು. ಹಿಂದಿನ ಸೀಸನ್‌ಗಳಲ್ಲಿ ತೊಡೆಯ ಹಿಂಭಾಗದ ಸ್ನಾಯು ಮತ್ತೆ ಮತ್ತೆ ಕೈಕೊಟ್ಟವನಿಗೆ 14. ಪಿಯುಪಿ, ಅಂದರೆ ಗಾಯದಿಂದ ಇನ್ನೂ ಆಡಲಾಗದವರ, ಪಟ್ಟಿಯಲ್ಲೇ ಸೀಸನ್ ಶುರು ಮಾಡುವವನು ಕನಿಷ್ಠ ಮೊದಲ ನಾಲ್ಕು ಪಂದ್ಯ ಆಡುವುದಿಲ್ಲ.

ಟಚ್‌ಡೌನ್ ನಂಬಿ ಮೋಸಹೋಗಬೇಡಿ

ಟಾರ್ಗೆಟ್ ಪಾಲು ಒಂದು ವರ್ಷದಿಂದ ಇನ್ನೊಂದಕ್ಕೆ ಸಾಕಷ್ಟು ಮಟ್ಟಿಗೆ ಮುಂದುವರಿಯುತ್ತದೆ, ಟಚ್‌ಡೌನ್ ಹಾಗಲ್ಲ. ಡೆಟ್ರಾಯಿಟ್‌ನ ಕ್ಯಾಲ್ವಿನ್ ಜಾನ್ಸನ್ 2011ರಲ್ಲಿ 16 ಟಚ್‌ಡೌನ್ ಗಳಿಸಿದರು. 2012ರಲ್ಲಿ 122 ಕ್ಯಾಚ್, 1,964 ಯಾರ್ಡ್, ಅಂದರೆ ಒಂದು ಸೀಸನ್‌ನ ಯಾರ್ಡ್ ದಾಖಲೆ. ಆದರೆ ಟಚ್‌ಡೌನ್ ಬರೀ 5. 2013ರಲ್ಲಿ ಯಾರ್ಡ್ 1,492ಕ್ಕೆ ಇಳಿದರೂ ಟಚ್‌ಡೌನ್ 12ಕ್ಕೆ ಏರಿತು. ಆಟಗಾರ ಅವರೇ, ಕ್ವಾರ್ಟರ್‌ಬ್ಯಾಕ್ ಕೂಡ ಅದೇ ಮ್ಯಾಥ್ಯೂ ಸ್ಟಾಫರ್ಡ್.

ಡಿಯೊಂಟೆ ಜಾನ್ಸನ್ ಅವರದು ಇದಕ್ಕಿಂತ ಕಠೋರ ಲೆಕ್ಕ: 2022ರಲ್ಲಿ 147 ಟಾರ್ಗೆಟ್, 86 ಕ್ಯಾಚ್, 882 ಯಾರ್ಡ್, ಟಚ್‌ಡೌನ್ ಸೊನ್ನೆ. ಅದರ ಹಿಂದಿನ ವರ್ಷ 8 ಇದ್ದವು.

ಆದ್ದರಿಂದ 140 ಟಾರ್ಗೆಟ್ ಪಡೆದೂ 4 ಟಚ್‌ಡೌನ್ ಗಳಿಸಿದವನನ್ನು ಸ್ವಲ್ಪ ಮೇಲಕ್ಕೆ ತಳ್ಳಿ. 90 ಟಾರ್ಗೆಟ್‌ನಲ್ಲಿ 11 ಗಳಿಸಿದವನನ್ನು ಕೆಳಕ್ಕೆ ಇಳಿಸಿ. ಅಂದಾಜು ಮಾಡುವಾಗ ಟಾರ್ಗೆಟ್‌ಗಳಲ್ಲಿ ಶೇ. 4-5 ಟಚ್‌ಡೌನ್ ಎಂದು ಇಟ್ಟುಕೊಳ್ಳಿ. ಎಂಡ್ ಝೋನ್ ಒಳಗೇ ಪದೇ ಪದೇ ಎಸೆತ ಪಡೆಯುವ ಎತ್ತರದ ಆಟಗಾರನಿಗೆ ಶೇ. 6-7 ಕೊಡಬಹುದು. ಅದಕ್ಕಿಂತ ಮೇಲೆ ಹಾಕಿದರೆ ಅದು ಆಸೆಯೇ ಹೊರತು ಅಂದಾಜಲ್ಲ. 2024ರಲ್ಲಿ ಜಮಾರ್ ಚೇಸ್ 17 ಟಚ್‌ಡೌನ್ ಗಳಿಸಿದ್ದು ನಿಜ. ಆದರೆ ಅವರ ಹಿಂದೆ 127 ಕ್ಯಾಚ್, 1,708 ಯಾರ್ಡ್ ಇತ್ತು. ಟಚ್‌ಡೌನ್ ಅರ್ಧಕ್ಕೆ ಇಳಿದಿದ್ದರೂ ಅವರು ಮೇಲಿನ ಸಾಲಿನಲ್ಲೇ ಇರುತ್ತಿದ್ದರು. ಯಾರನ್ನೇ ಆಗಲಿ ಹೀಗೆ ಪರೀಕ್ಷಿಸಿ: ಟಚ್‌ಡೌನ್ ಅರ್ಧ ಮಾಡಿದರೆ ಈತ ಎಲ್ಲಿ ನಿಲ್ಲುತ್ತಾನೆ?

ರೂಟ್, ಬದಲಾವಣೆ, ವಯಸ್ಸು

ಟಾರ್ಗೆಟ್ ಸಂಖ್ಯೆಯ ಹಿಂದೆ ಇನ್ನೊಂದು ಸಂಖ್ಯೆ ಅಡಗಿರುತ್ತದೆ: ಆತ ಎಷ್ಟು ರೂಟ್ (ಪಾಸ್ ಪಡೆಯಲು ಓಡುವ ನಿಗದಿತ ದಾರಿ) ಓಡಿದ. ತಂಡ ಪಾಸ್ ಆಡುವಾಗಲೆಲ್ಲ ಶೇ. 85-90 ಸಲ ರೂಟ್ ಓಡುವವನು ಪೂರ್ಣಾವಧಿ ಆಟಗಾರ. ಶೇ. 60 ಮಾತ್ರ ಓಡಿ, ಓಡಿದಾಗಲೆಲ್ಲ ಚೆಂಡು ಪಡೆಯುವ ಯುವಕನಿದ್ದರೆ ಗುರುತು ಹಾಕಿಕೊಳ್ಳಿ. ಮುಂದಿನ ವರ್ಷ ರೂಟ್ ಹೆಚ್ಚಾದರೆ ಆತನ ಬೆಲೆ ಏರುತ್ತದೆ. ಒಂದು ರೂಟ್‌ಗೆ ಸರಾಸರಿ 2 ಯಾರ್ಡ್ ದಾಟಿದರೆ ಒಳ್ಳೆಯ ಆಟಗಾರ, 2.5 ದಾಟಿದರೆ ಬಹಳ ದೊಡ್ಡ ಆಟಗಾರ. ಆದರೆ ನೂರಿನ್ನೂರು ರೂಟ್‌ಗಳ ಮೇಲೆ ತೆಗೆದ ಸರಾಸರಿಗೆ ಮರುಳಾಗಬೇಡಿ. ಟಾರ್ಗೆಟ್ ಮತ್ತು ಮೈದಾನದಲ್ಲಿದ್ದ ಸ್ನ್ಯಾಪ್‌ಗಳ (ಚೆಂಡು ಆಟಕ್ಕೆ ಬರುವ ಒಂದೊಂದು ಸಲ) ಲೆಕ್ಕ ಪ್ರೊ ಫುಟ್‌ಬಾಲ್ ರೆಫರೆನ್ಸ್ ತಾಣದಲ್ಲಿ ಉಚಿತವಾಗಿಯೇ ಸಿಗುತ್ತದೆ. ರೂಟ್ ಲೆಕ್ಕಕ್ಕೆ ಹಲವೆಡೆ ಚಂದಾ ಕೇಳುತ್ತಾರೆ. ಸ್ನ್ಯಾಪ್ ಲೆಕ್ಕದಿಂದಲೇ ಮುಕ್ಕಾಲು ಕೆಲಸ ಆಗುತ್ತದೆ.

ಹೋದ ವರ್ಷದ ಅಂಕಿಅಂಶ ಹಾಗೇ ಮುಂದುವರಿಯದಂತೆ ಮಾಡುವುದು ತಂಡದಲ್ಲಾದ ಬದಲಾವಣೆಗಳು. ಕ್ವಾರ್ಟರ್‌ಬ್ಯಾಕ್ ಬದಲಾದನೇ? ಆಟದ ಯೋಜನೆ ಬರೆಯುವ ಕೋಚ್ ಬದಲಾದರೇ? ತಂಡ ಬಿಟ್ಟುಹೋದವರ ಬಳಿ ಎಷ್ಟು ಟಾರ್ಗೆಟ್ ಇತ್ತು, ಬಂದವರು ಎಷ್ಟು ಕೇಳುತ್ತಾರೆ? ಖಾಲಿಯಾದ ಟಾರ್ಗೆಟ್ ಉಳಿದವರಿಗೆ ತಾನಾಗಿ ಹಂಚಿಕೆಯಾಗುತ್ತದೆ ಎಂದು ಭಾವಿಸಬೇಡಿ. ಬಹಳ ಸಲ ಹೊಸಬನೇ ಅದನ್ನು ಎತ್ತಿಕೊಳ್ಳುತ್ತಾನೆ.

ರೂಕಿಗಳ, ಅಂದರೆ ಮೊದಲ ವರ್ಷದ ಆಟಗಾರರ, ವಿಷಯದಲ್ಲಿ ತಾಳ್ಮೆ ಬೇಕು. ಅಮೊನ್-ರಾ ಸೇಂಟ್ ಬ್ರೌನ್ 2021ರಲ್ಲಿ ಹೊಸಬರಾಗಿದ್ದಾಗ ಕೊನೆಯ ಆರು ಪಂದ್ಯಗಳಲ್ಲಿ ಪ್ರತಿಯೊಂದರಲ್ಲೂ ಕನಿಷ್ಠ 8 ಕ್ಯಾಚ್ ಹಿಡಿದರು. ಅಕ್ಟೋಬರ್‌ನಲ್ಲಿ ಕೈಬಿಟ್ಟವರಿಗೆ ಅದು ಸಿಗಲಿಲ್ಲ. 30 ದಾಟಿದವರನ್ನು ಹೆಸರಿನ ಮೇಲೆ ಮೇಲಿನ ಸುತ್ತಿನಲ್ಲಿ ಕೊಳ್ಳಬೇಡಿ, ಪಾಲು ಇಳಿಯತೊಡಗಿದ್ದರಂತೂ ಮುಟ್ಟಲೇಬೇಡಿ.

ಪ್ರೀಸೀಸನ್ ಪಂದ್ಯಗಳಲ್ಲಿ ಯಾರು ಎಷ್ಟು ಯಾರ್ಡ್ ಗಳಿಸಿದರು ಎಂಬುದಕ್ಕಿಂತ, ಮುಖ್ಯ ಕ್ವಾರ್ಟರ್‌ಬ್ಯಾಕ್ ಮೈದಾನದಲ್ಲಿದ್ದಾಗ ಪಕ್ಕದಲ್ಲಿ ಯಾರಿದ್ದರು ನೋಡಿ. ದೊಡ್ಡವರ ಜೊತೆ ವಿಶ್ರಾಂತಿ ಪಡೆದ ಯುವಕನಿಗೆ ಸ್ಥಾನ ಖಾತ್ರಿಯಾಗಿದೆ ಎಂದೇ ಓದಿಕೊಳ್ಳಿ.

ಪಟ್ಟಿಯಿಂದ ಡ್ರಾಫ್ಟ್‌ಗೆ

ಅಂದಾಜು ಪಾಯಿಂಟ್‌ಗಳನ್ನು ಇಳಿಕೆ ಕ್ರಮದಲ್ಲಿ ಇಡಿ. 12 ತಂಡಗಳ, 3 ರಿಸೀವರ್ ಮತ್ತು ಫ್ಲೆಕ್ಸ್ ಇರುವ ಲೀಗ್ ಆದರೆ 42ನೇ ಹೆಸರಿನ ಪಾಯಿಂಟ್ ನಿಮ್ಮ ತಳಮಟ್ಟ, ಅಂದರೆ ಲೀಗಿನಲ್ಲಿ ಆಡಿಸುವವರ ಪೈಕಿ ಹೆಚ್ಚುಕಡಿಮೆ ಕೊನೆಯವನ ಪಾಯಿಂಟ್. ಅದು 150 ಎಂದಿದ್ದರೆ, 232 ಪಾಯಿಂಟ್‌ನ ರಿಸೀವರ್‌ನ ನಿಜವಾದ ಬೆಲೆ 82. ರನ್ನಿಂಗ್ ಬ್ಯಾಕ್‌ಗಳ ತಳಮಟ್ಟ 120 ಇದ್ದು, ಒಬ್ಬ 210 ಗಳಿಸುವಂತಿದ್ದರೆ ಆತನ ಬೆಲೆ 90. ಪಾಯಿಂಟ್ ಕಡಿಮೆಯಿದ್ದರೂ ಮೊದಲು ತೆಗೆದುಕೊಳ್ಳಬೇಕಾದವನು ಆತನೇ.

ಬಳಿಕ ಗುಂಪು ಮಾಡಿ. ಇಬ್ಬರ ನಡುವಿನ ಅಂತರ ಸುಮಾರು 17 ಪಾಯಿಂಟ್, ಅಂದರೆ ಪಂದ್ಯಕ್ಕೊಂದು ಪಾಯಿಂಟ್, ಬಂದಲ್ಲಿ ಗೆರೆ ಎಳೆಯಿರಿ. ಒಂದೇ ಗುಂಪಿನಲ್ಲಿ ಐದು ಜನ ಉಳಿದಿದ್ದರೆ ಅವಸರ ಬೇಡ, ಬೇರೆ ಸ್ಥಾನದವನನ್ನು ಕೊಳ್ಳಿ. ಗುಂಪಿನ ಕೊನೆಯವ ಉಳಿದಿದ್ದರೆ ಈಗಲೇ ತೆಗೆದುಕೊಳ್ಳಿ. ಪ್ರತಿ ಸುತ್ತಿಗೂ ಸರದಿ ಹಿಂದುಮುಂದಾಗುವ ಸ್ನೇಕ್ ಡ್ರಾಫ್ಟ್‌ನಲ್ಲಿ 12ನೇ ಸ್ಥಾನದಲ್ಲಿ ಕೂತವರಿಗೆ 12, 13ರ ನಂತರ ಮುಂದಿನ ಸರದಿ 36ಕ್ಕೆ. ನಡುವೆ 22 ಜನ ಹೋಗಿರುತ್ತಾರೆ. ನಿಮಗೆ ಬೇಕಾದವನ ಎಡಿಪಿ, ಅಂದರೆ ಜನ ಸರಾಸರಿ ಎಷ್ಟನೆಯವನಾಗಿ ಆತನನ್ನು ಕೊಳ್ಳುತ್ತಿದ್ದಾರೆ ಎಂಬ ಸಂಖ್ಯೆ, 30 ಎಂದಿದ್ದರೆ 36ರವರೆಗೆ ಕಾಯುವಂತಿಲ್ಲ.

ಅಮೆರಿಕದ ಪೂರ್ವ ಕರಾವಳಿಯಲ್ಲಿ ರಾತ್ರಿ 8ಕ್ಕೆ ಇಟ್ಟ ಡ್ರಾಫ್ಟ್ ನಮಗೆ ಮರುದಿನ ಬೆಳಿಗ್ಗೆ 5.30. ಪ್ರತಿ ಆಯ್ಕೆಗೆ ಒಂದು, ಒಂದೂವರೆ ನಿಮಿಷವಷ್ಟೇ ಸಿಗುತ್ತದೆ. ಆಗಸ್ಟ್ ಮಳೆಗೆ ಕರೆಂಟ್ ಹೋದರೆ ವೈಫೈ ಕೂಡ ಹೋಗುತ್ತದೆ, ಹಾಗಾಗಿ ಮೊಬೈಲ್ ಹಾಟ್‌ಸ್ಪಾಟ್ ತಯಾರಿರಲಿ. ಆ್ಯಪ್‌ನ ಕ್ಯೂನಲ್ಲಿ ಯಾವಾಗಲೂ ಎಂಟು ಹತ್ತು ಹೆಸರು ತುಂಬಿಡಿ. ಕ್ಯೂ ಖಾಲಿ ಇದ್ದರೆ ಆಟೊಡ್ರಾಫ್ಟ್ ತನ್ನ ಪಟ್ಟಿಯಿಂದ ಯಾರನ್ನೋ ಎತ್ತಿಕೊಳ್ಳುತ್ತದೆ.

ಸೀಸನ್ ಶುರುವಾದ ಮೇಲೆ

ಭಾನುವಾರದ ಮೊದಲ ಪಂದ್ಯಗಳು ನಮಗೆ ರಾತ್ರಿ 10.30ಕ್ಕೆ, ಎರಡನೇ ಸರದಿ ರಾತ್ರಿ 1.35 ಮತ್ತು 1.55ಕ್ಕೆ, ಭಾನುವಾರ ರಾತ್ರಿಯ ಪಂದ್ಯ ಸೋಮವಾರ ಬೆಳಿಗ್ಗೆ 5.50ಕ್ಕೆ. ನವೆಂಬರ್ ಮೊದಲ ಭಾನುವಾರದಿಂದ ಎಲ್ಲಕ್ಕೂ ಒಂದು ಗಂಟೆ ಸೇರಿಸಿ. ಯಾರು ಆಡುವುದಿಲ್ಲ ಎಂಬ ಪಟ್ಟಿ ಪಂದ್ಯಕ್ಕೆ 90 ನಿಮಿಷ ಮೊದಲು ಬರುತ್ತದೆ; ಮೊದಲ ಪಂದ್ಯಗಳದ್ದು ರಾತ್ರಿ 9ಕ್ಕೇ ಸಿಗುತ್ತದೆ. 1.55ರ ಪಂದ್ಯದಲ್ಲಿ ಗಾಯದ ಅನುಮಾನವಿರುವ ರಿಸೀವರ್ ಇದ್ದರೆ 12.25ರವರೆಗೆ ಎದ್ದಿರಬೇಕು. ಆಗದಿದ್ದರೆ 10.30ಕ್ಕೆ ಮುಂಚೆಯೇ ಬದಲಿಸಿ ಮಲಗಿ. ಸೊನ್ನೆಗಿಂತ ಬದಲಿ ಆಟಗಾರನ 9 ಪಾಯಿಂಟ್ ಮೇಲು. ಫ್ಲೆಕ್ಸ್ ಸ್ಥಾನದಲ್ಲಿ ಯಾವಾಗಲೂ ಕೊನೆಗೆ ಆಡುವವನನ್ನು ಇಡಿ. ಆಗ ಬದಲಿಯಾಗಿ ರನ್ನಿಂಗ್ ಬ್ಯಾಕ್, ಟೈಟ್ ಎಂಡ್ ಯಾರನ್ನಾದರೂ ಹಾಕಬಹುದು.

ಗಾಯದ ಅಂತಿಮ ವರದಿ ಅಲ್ಲಿನ ಶುಕ್ರವಾರ ಬರುತ್ತದೆ, ನಮಗೆ ಶನಿವಾರ ಬೆಳಿಗ್ಗೆ ನೋಡಿದರೆ ಸಾಕು. ಬುಧವಾರ ಅಭ್ಯಾಸ ಮಾಡದಿದ್ದರೆ ಅದು ಬರೀ ವಿಶ್ರಾಂತಿ ಇರಬಹುದು. ಶುಕ್ರವಾರವೂ ಮಾಡದಿದ್ದರೆ ಬೇರೆಯವನನ್ನು ಹುಡುಕಿ.

ರ‍್ಯಾಂಕಿಂಗ್ ಮೊದಲ ಎರಡು ವಾರಗಳಲ್ಲೇ ತಿದ್ದಬೇಕಾಗುತ್ತದೆ, ತಿದ್ದುವುದೂ ಟಾರ್ಗೆಟ್ ನೋಡಿಯೇ. 2023ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಮುಖ್ಯ ರಿಸೀವರ್ ಕೂಪರ್ ಕಪ್ ಗಾಯಗೊಂಡು ಹೊರಗಿದ್ದಾಗ, ಎನ್‌ಎಫ್‌ಎಲ್ ಡ್ರಾಫ್ಟ್‌ನ ಐದನೇ ಸುತ್ತಿನಲ್ಲಿ ಆ ತಂಡಕ್ಕೆ ಆಯ್ಕೆಯಾಗಿದ್ದ ರೂಕಿ ಪೂಕಾ ನಕುವಾ ಅವರಿಗೆ ಮೊದಲ ವಾರ 15, ಎರಡನೇ ವಾರ 20 ಟಾರ್ಗೆಟ್ ಬಂದವು. ಆ ಎರಡು ವಾರದಲ್ಲಿ ಟಚ್‌ಡೌನ್ ಒಂದೂ ಇರಲಿಲ್ಲ. ಸೀಸನ್ ಮುಗಿದಾಗ ಅವರ ಹೆಸರಿನಲ್ಲಿ 105 ಕ್ಯಾಚ್, 1,486 ಯಾರ್ಡ್. ಹೆಚ್ಚಿನ ಲೀಗ್‌ಗಳಲ್ಲಿ ವೇವರ್, ಅಂದರೆ ಯಾರ ತಂಡದಲ್ಲೂ ಇಲ್ಲದವರಿಗಾಗಿ ಹಾಕಿದ ಅರ್ಜಿಗಳು, ತೀರ್ಮಾನವಾಗುವುದು ನಮ್ಮ ಬುಧವಾರ ಮಧ್ಯಾಹ್ನದ ಹೊತ್ತಿಗೆ. ಮಂಗಳವಾರ ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ಕೂತು, ಆ ವಾರ 8ಕ್ಕಿಂತ ಹೆಚ್ಚು ಟಾರ್ಗೆಟ್ ಪಡೆದೂ ಯಾರ ತಂಡದಲ್ಲೂ ಇಲ್ಲದವರ ಹೆಸರು ಹುಡುಕಿ, ಅರ್ಜಿ ಹಾಕಿಟ್ಟು ಮಲಗಿ.