ಕೂಲಂಟ್ ಟ್ಯಾಂಕ್ ಸೋರಿದರೆ: ಬೆಸುಗೆ ಯಾವುದಕ್ಕೆ, ಹೊಸದು ಯಾವುದಕ್ಕೆ

ಕಾರು ನಿಲ್ಲಿಸಿದ ಜಾಗದಲ್ಲಿ ಒದ್ದೆ ಕಂಡರೆ ಮೊದಲು ಒಂದು ತೊಟ್ಟು ಬೆರಳಿಗೆ ತಗೊಂಡು ಉಜ್ಜಿ ನೋಡಿ. ಬಣ್ಣವಿಲ್ಲ, ವಾಸನೆಯಿಲ್ಲ ಅಂದರೆ ಬಹುತೇಕ ಎಸಿಯ ನೀರು, ಬಿಟ್ಟುಬಿಡಿ. ಹಸಿರೋ ಕೆಂಪೋ ನೀಲಿಯೋ ಬಣ್ಣವಿದ್ದು, ಬೆರಳು ಜಾರುವಂತಾಗಿ, ಸಿಹಿ ಸಿಹಿ ವಾಸನೆ ಬಂದರೆ ಕೂಲಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ. ನಾಲಿಗೆಗೆ ಮಾತ್ರ ಮುಟ್ಟಿಸಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ನಾಯಿ, ಬೆಕ್ಕು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಚೆಲ್ಲಿದ್ದನ್ನು ಹಳೆ ಬಟ್ಟೆಯಲ್ಲೋ ಮರದ ಹೊಟ್ಟಿನಲ್ಲೋ ಹೀರಿಸಿ, ಆಮೇಲೆ ಧಾರಾಳವಾಗಿ ನೀರು ಹುಯ್ದು ತೊಳೆಯಿರಿ.

ಬಾನೆಟ್ ಎತ್ತುವುದು ಬೆಳಿಗ್ಗೆಯೇ. ಬೆಂಗಳೂರಿನಿಂದ ಎಕ್ಸ್‌ಪ್ರೆಸ್‌ವೇಯಲ್ಲಿ ಓಡಿಸಿಕೊಂಡು ಬಂದು ಸಂಜೆಯೇ ಮುಚ್ಚಳ ತಿರುಗಿಸಲು ಹೋದರೆ ಒಳಗಿನ ಒತ್ತಡಕ್ಕೆ ಕುದಿಯುವ ಕೂಲಂಟ್ ಮುಖಕ್ಕೇ ಚಿಮ್ಮುತ್ತದೆ. ರಾತ್ರಿಯಿಡೀ ಆರಲಿ. ಕೆಲಸಕ್ಕೆ ಇಳಿಯುವ ಮೊದಲು ಬ್ಯಾಟರಿಯ ಮೈನಸ್ ವೈರು ಬಿಚ್ಚಿಡಿ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗುತ್ತದೆ, ಬೆರಳು ಉಳಿಯಬೇಕಲ್ಲ. ಇನ್ನೊಂದು ಮಾತು: ಗಾಜು ಒರೆಸುವ ನೀರಿನ ಡಬ್ಬಿಯೂ ಅಲ್ಲೇ ಪಕ್ಕದಲ್ಲಿರುತ್ತದೆ. ಅದರ ಸೋಪು ನೀರನ್ನು ಕೂಲಂಟ್ ಟ್ಯಾಂಕಿಗೆ ಹುಯ್ದುಕೊಂಡವರು ಬೇಕಾದಷ್ಟಿದ್ದಾರೆ.

ಈಗ ನಿಮ್ಮ ಟ್ಯಾಂಕ್ ಯಾವ ಜಾತಿಯದು ಅಂತ ನೋಡಿ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಹಳೆಯ ಮಾರುತಿ 800, ಓಮ್ನಿಯಂಥ ಗಾಡಿಗಳಲ್ಲಿ ಒತ್ತಡ ಹಿಡಿಯುವ ಮುಚ್ಚಳ ರೇಡಿಯೇಟರ್ ಮೇಲೇ ಇರುತ್ತದೆ. ಪಕ್ಕದ ಪ್ಲಾಸ್ಟಿಕ್ ಬಾಟಲಿಗೆ ಒಂದೇ ಸಣ್ಣ ಪೈಪು, ಅದರ ಮುಚ್ಚಳ ಕೈಯಲ್ಲಿ ಒತ್ತಿ ಕೂರಿಸುವಂಥದ್ದು. ಬಿಸಿಯಾದಾಗ ಉಕ್ಕಿದ್ದು ಅಲ್ಲಿಗೆ ಬರುತ್ತದೆ, ತಣ್ಣಗಾದಾಗ ವಾಪಸ್ ಹೋಗುತ್ತದೆ, ಬಾಟಲಿಯೊಳಗೆ ಒತ್ತಡವಿಲ್ಲ. ಈಚಿನ ಬಹಳಷ್ಟು ಕಾರುಗಳಲ್ಲಿ ಎರಡು ಮೂರು ಪೈಪು ಸೇರುವ ದಪ್ಪ ಟ್ಯಾಂಕ್, ತಿರುಗಿಸಿ ಬಿಗಿಯುವ ಮುಚ್ಚಳ, ಮುಚ್ಚಳದ ಮೇಲೆ 1.1 ಅಥವಾ 1.4 ಅಂತ ಅಚ್ಚು, ಅದು ಮುಚ್ಚಳ ತಡೆಯುವ ಒತ್ತಡ, ಬಾರ್ ಲೆಕ್ಕದಲ್ಲಿ. ಬಿಸಿ ಕೂಲಂಟಿನ ಪೂರ್ತಿ ಒತ್ತಡ ಆ ಟ್ಯಾಂಕಿನ ಮೇಲೂ ಬೀಳುತ್ತದೆ. ಅರ್ಧ ನೀರು, ಅರ್ಧ ಕೂಲಂಟ್ 120 ಡಿಗ್ರಿಯಲ್ಲೂ ಕುದಿಯದೆ ಇರುವುದು ಈ ಒತ್ತಡ ಇರುವುದರಿಂದಲೇ.

ಸೋರಿಕೆ ಎಲ್ಲಿ ಅಂತ ಹುಡುಕದೆ ಟ್ಯಾಂಕ್ ತರಲು ಓಡಬೇಡಿ. ಎಷ್ಟೋ ಸಲ ಟ್ಯಾಂಕ್ ಗಟ್ಟಿಯಾಗೇ ಇರುತ್ತದೆ, ಮುಚ್ಚಳದೊಳಗಿನ ರಬ್ಬರ್ ಉಂಗುರ ಚಪ್ಪಟೆಯಾಗಿರುತ್ತದೆ ಅಥವಾ ಪೈಪಿನ ಕ್ಲಿಪ್ ಸಡಿಲವಾಗಿರುತ್ತದೆ. ಒದ್ದೆ ಬಟ್ಟೆಯಲ್ಲಿ ಟ್ಯಾಂಕ್, ಪೈಪು ಎಲ್ಲ ಒರೆಸಿ ಒಣಗಿಸಿ, ರಾತ್ರಿ ಕೆಳಗೆ ರಟ್ಟು ಹಾಸಿಡಿ. ಸೋರುವ ಕಡೆ ಉಪ್ಪು ಕಟ್ಟಿದ ಹಾಗೆ ಬಿಳಿಯ ಅಥವಾ ಹಸಿರು ಪೊರೆ ಇರುತ್ತದೆ. ಟ್ಯಾಂಕಿನ ಎರಡು ಹೋಳು ಸೇರುವ ನಡುಗೆರೆ, ಪೈಪು ಕೂರುವ ಮೂತಿಯ ಬುಡ, ಬೋಲ್ಟಿನ ಕಿವಿ, ಹೆಚ್ಚಾಗಿ ಬಿರುಕು ಬಿಡುವುದು ಈ ಮೂರು ಜಾಗಗಳಲ್ಲಿ. ಬಿಸಿಲು ಬಿಸಿ ತಿಂದು ಹಳದಿಯಾದ ಪ್ಲಾಸ್ಟಿಕ್ ಹಪ್ಪಳದಂತಾಗಿರುತ್ತದೆ. ತಣ್ಣಗಿದ್ದಾಗ ಕೂದಲೆಳೆಯ ಬಿರುಕು ಬಾಯಿ ಮುಚ್ಚಿಕೊಂಡಿರುತ್ತದೆ, ಕಬ್ಬಿನ ಟ್ರಾಕ್ಟರ್ ಹಿಂದೆ ಮೊದಲನೇ ಗೇರಿನಲ್ಲಿ ತೆವಳುವಾಗ ಗಾಳಿ ಸಾಲದೆ ಬಿಸಿಯೇರಿ ಬಾಯಿ ಬಿಡುತ್ತದೆ. ಹೊರಗೆಲ್ಲೂ ಒದ್ದೆಯಿಲ್ಲದೆ ಮಟ್ಟ ಮಾತ್ರ ಇಳಿಯುತ್ತಿದ್ದರೆ ಎಂಜಿನ್ ಆಯಿಲ್ ಮುಚ್ಚಳ ತೆಗೆದು ನೋಡಿ. ಒಳಗೆ ಹಾಲು ಬೆರೆಸಿದ ಕಾಫಿ ಬಣ್ಣದ ಲೋಳೆಯಿದ್ದು, ಎಂಜಿನ್ ಕಾದ ಮೇಲೂ ಸೈಲೆನ್ಸರಿನಲ್ಲಿ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಸಿಲಿಂಡರ್ ಹೆಡ್ಡಿಗೂ ನಡುವಿನ ಸೀಲು) ಮೇಲೆ ಅನುಮಾನ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಒತ್ತಡವಿಲ್ಲದ ಬಾಟಲಿಗೆ ಬೆಸುಗೆ ಹಾಕಬಹುದು. ಎಂ-ಸೀಲ್, ಫೆವಿಕ್ವಿಕ್ ತಂದು ಮೆತ್ತಬೇಡಿ. ಬಾಟಲಿ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ (ಪಿಪಿ) ಅನ್ನುವ ಪ್ಲಾಸ್ಟಿಕ್, ಅದಕ್ಕೆ ಅಂಟು ಹಿಡಿಯುವುದಿಲ್ಲ, ವಾರದೊಳಗೆ ಚಕ್ಕೆ ಎದ್ದು ಬರುತ್ತದೆ. ಬಾಟಲಿ ಬಿಚ್ಚಿ ತೊಳೆದು ಪೂರ್ತಿ ಒಣಗಿಸಿ. ಬಿರುಕಿನ ಎರಡೂ ತುದಿಗೆ 2 ಮಿಲಿಮೀಟರ್ ತೂತು ಕೊರೆಯಿರಿ, ಇಲ್ಲದಿದ್ದರೆ ಬಿರುಕು ಮುಂದಕ್ಕೆ ಓಡುತ್ತದೆ. ಹಳೆ ಟೀ ಸೋಸುವ ಜರಡಿಯ ಸ್ಟೀಲ್ ಜಾಲರಿಯಿಂದ ಬಿರುಕಿಗಿಂತ ಒಂದು ಬೆರಳು ಅಗಲದ ತುಂಡು ಕತ್ತರಿಸಿ ಮೇಲಿಟ್ಟು, ಸೋಲ್ಡರಿಂಗ್ ಐರನ್ನಿನಿಂದ ಮೆಲ್ಲಗೆ ಒತ್ತುತ್ತಾ ಪ್ಲಾಸ್ಟಿಕ್ಕಿನೊಳಗೆ ಇಳಿಸಿ. ಅದರ ಮೇಲೆ ಅದೇ ಜಾತಿಯ ಪ್ಲಾಸ್ಟಿಕ್ ಪಟ್ಟಿ ಕರಗಿಸಿ ಮುಚ್ಚಿ. ಮೇಲೆ ಪಿಪಿ ಅಂತ ಅಚ್ಚಿರುವ ಯಾವ ಹಳೆ ಡಬ್ಬಿಯಾದರೂ ಆಗುತ್ತದೆ. ಹೊಗೆ ಬರುವಷ್ಟು ಕಾಯಿಸಿದರೆ ಪ್ಲಾಸ್ಟಿಕ್ ಸುಟ್ಟು ಪುಡಿಯಾಗುತ್ತದೆ, ಅವಸರ ಬೇಡ. ನೀರು ತುಂಬಿ ಒಂದು ರಾತ್ರಿ ಪೇಪರ್ ಮೇಲಿಡಿ. ಬೆಳಿಗ್ಗೆ ಪೇಪರ್ ಒಣಗಿದ್ದರೆ ಗಾಡಿಗೆ ಕಟ್ಟಿ.

ಒತ್ತಡದ ಟ್ಯಾಂಕಿಗೆ ಈ ರಿಪೇರಿ ಖಂಡಿತ ಬೇಡ. ಮನೆ ಹತ್ತಿರ ಓಡಾಡುವಾಗ ಬೆಸುಗೆ ತಡೆದೀತು, ಚಾಮುಂಡಿ ಬೆಟ್ಟ ಹತ್ತುವಾಗಲೋ ಎಕ್ಸ್‌ಪ್ರೆಸ್‌ವೇ ಮಧ್ಯದಲ್ಲೋ ಬಿಟ್ಟುಕೊಂಡರೆ ಕೂಲಂಟ್ ಎಲ್ಲ ನಿಮಿಷದಲ್ಲಿ ಖಾಲಿ. ಟ್ಯಾಂಕ್ ಉಳಿಸಲು ಹೋಗಿ ಸಿಲಿಂಡರ್ ಹೆಡ್ ಸೊಟ್ಟಗಾದೀತು. ಹೊಸದು ತರುವಾಗ ಆರ್‌ಸಿ ಜೊತೆಯಲ್ಲಿರಲಿ, ಚಾಸಿ ನಂಬರ್ ನೋಡಿ ಕೊಡಲಿ. ಒಂದೇ ಹೆಸರಿನ ಕಾರಿನ ಪೆಟ್ರೋಲಿಗೆ ಬೇರೆ, ಡೀಸೆಲ್ಲಿಗೆ ಬೇರೆ ಟ್ಯಾಂಕ್ ಇರಬಹುದು. ಮುಚ್ಚಳವನ್ನೂ ಹೊಸದೇ ತನ್ನಿ, ಅಚ್ಚಿನ ಅಂಕಿ ಹಳೆಯದರಷ್ಟೇ ಇರಲಿ. ಹೆಚ್ಚಿನದು ಹಾಕಿದರೆ ಪೈಪು ಸೀಳುತ್ತದೆ.

ಬಿಚ್ಚುವ ಮೊದಲು ಯಾವ ಪೈಪು ಎಲ್ಲಿಗೆ ಅಂತ ಫೋನಿನಲ್ಲಿ ಫೋಟೋ ತೆಗೆಯಿರಿ. ಮೆಡಿಕಲ್ ಅಂಗಡಿಯ ದೊಡ್ಡ ಸಿರಿಂಜಿಗೆ ತೆಳು ಪೈಪು ಸಿಕ್ಕಿಸಿ ಕೂಲಂಟ್ ಎಳೆದುಕೊಳ್ಳಿ. ಕುಡಿಯುವ ನೀರಿನ ಬಾಟಲಿಗೆ ಮಾತ್ರ ತುಂಬಿಡಬೇಡಿ, ಮಕ್ಕಳು ಶರಬತ್ತು ಅಂದುಕೊಳ್ಳುತ್ತವೆ. ಸ್ಪ್ರಿಂಗ್ ಕ್ಲಿಪ್ಪಿನ ಎರಡು ಕಿವಿಗಳನ್ನು ಪ್ಲೇಯರಿನಿಂದ ಒತ್ತಿ ಹಿಂದಕ್ಕೆ ಸರಿಸಿ. ಪೈಪು ಅಂಟಿಕೊಂಡಿದ್ದರೆ ಮೊದಲು ತಿರುಚಿ, ಆಮೇಲೆ ಎಳೆಯಿರಿ. ಜಗ್ಗದಿದ್ದರೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಐದು ನಿಮಿಷ ಬಿಡಿ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ರಬ್ಬರ್ ಹರಿಯುತ್ತದೆ. ಕೆಳಗೆ ಮಟ್ಟ ತೋರಿಸುವ ಸೆನ್ಸರ್ ವೈರಿದ್ದರೆ ಅದರ ಲಾಕ್ ಒತ್ತಿ ಬಿಡಿಸಿ. ಬೋಲ್ಟುಗಳು ಹೆಚ್ಚಾಗಿ 10ನೇ ನಂಬರ್ ಸ್ಪ್ಯಾನರಿಗೆ ಬರುತ್ತವೆ. ಹೊಸ ಟ್ಯಾಂಕ್ ಕೂರಿಸುವಾಗ ಬೋಲ್ಟ್ ಬಿಗಿಯಾದರೆ ಸಾಕು, ಬಲ ಹಾಕಿದರೆ ಹೊಸ ಕಿವಿಯೂ ಸೀಳುತ್ತದೆ. ಪೈಪು ಜಾರಿಸಲು ಮೂತಿಗೆ ಎರಡು ತೊಟ್ಟು ಕೂಲಂಟ್ ಸವರಿ. ಎಣ್ಣೆ, ಗ್ರೀಸ್ ಹಚ್ಚಿದರೆ ಆ ರಬ್ಬರ್ ಊದಿಕೊಳ್ಳುತ್ತದೆ.

ತುಂಬುವ ನೀರಿನ ವಿಷಯದಲ್ಲಿ ಜಿಪುಣತನ ಬೇಡ. ಮಂಡ್ಯ ಕಡೆಯ ಗಡಸು ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ತಳದಲ್ಲಿ ಗಾರೆಯಂತೆ ಕಟ್ಟುತ್ತದಲ್ಲ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುವುದು ಅದೇ. ಮೈಸೂರಿನ ನಲ್ಲಿಯ ಕಾವೇರಿ ನೀರು ವಾಸಿ, ಆದರೂ ಉಪ್ಪಿಲ್ಲದ ನೀರಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು ಗಟ್ಟಿ ಕೂಲಂಟಿಗೆ ಸಮಸಮ ಬೆರೆಸಿ. ಬೆರೆಸಿಯೇ ಬರುವ ರೆಡಿ ಮಿಕ್ಸ್ ಆದರೆ ನೇರ ಹುಯ್ಯಿರಿ, ಅದಕ್ಕೆ ಮತ್ತೆ ನೀರು ಬೇಡ. ಬಣ್ಣ ಒಂದೇ ಇದ್ದ ಮಾತ್ರಕ್ಕೆ ಜಾತಿ ಒಂದೇ ಅಲ್ಲ, ಕಾರಿನ ಕೈಪಿಡಿಯಲ್ಲಿ ಹೇಳಿದ್ದನ್ನೇ ತನ್ನಿ. ದಾರಿಯಲ್ಲಿ ಕೈಕೊಟ್ಟಾಗ ಬರೀ ನೀರು ಹಾಕಿ ಮನೆ ಸೇರುವುದು ತಪ್ಪಲ್ಲ, ಹಾಗೇ ಬಿಡುವುದು ತಪ್ಪು.

ನಿಧಾನವಾಗಿ ಮ್ಯಾಕ್ಸ್ ಗೆರೆಯವರೆಗೆ ತುಂಬಿ, ರೇಡಿಯೇಟರಿನ ಮೇಲಿನ ದಪ್ಪ ಪೈಪನ್ನು ಕೈಯಲ್ಲಿ ಹಿಂಡುತ್ತಾ ಹೋದರೆ ಗುಳ್ಳೆಗಳು ಮೇಲೆ ಬರುತ್ತವೆ. ಗಾಳಿ ಬಿಡಲು ಬೇರೆ ಸ್ಕ್ರೂ ಇದ್ದರೆ ಗುಳ್ಳೆಯಿಲ್ಲದ ಧಾರೆ ಬರುವವರೆಗೆ ತೆರೆದಿಟ್ಟು ಮುಚ್ಚಿ. ಮುಚ್ಚಳ ಬಿಗಿದು, ಬ್ಯಾಟರಿ ವೈರು ಜೋಡಿಸಿ, ಎಸಿ ಬಂದ್ ಮಾಡಿ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ. ಎಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಮೇಲಕ್ಕೇರಿಯೂ ಹೀಟರಿನಲ್ಲಿ ತಣ್ಣನೆ ಗಾಳಿಯೇ ಬರುತ್ತಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಅಥವಾ ಕೂಲಂಟ್ ಸಾಲದು, ಕೂಡಲೇ ಎಂಜಿನ್ ಆರಿಸಿ. ಪೂರ್ತಿ ತಣ್ಣಗಾದ ಮೇಲೆ ಮಟ್ಟ ಇಳಿದಿರುತ್ತದೆ, ಅಷ್ಟನ್ನು ತುಂಬಿ. ಟ್ಯಾಂಕಿನ ಮೈಮೇಲೆ ಮಾರ್ಕರಿನಿಂದ ಆ ದಿನದ ಮಟ್ಟಕ್ಕೆ ಒಂದು ಗೆರೆ ಎಳೆದು ತಾರೀಖು ಬರೆದಿಡಿ. ಒಂದು ವಾರ ದಿನಾ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಗೆರೆ ನೋಡಿ. ಮೊದಲೆರಡು ದಿನ ಒಂದಿಷ್ಟು ಇಳಿದು ನಿಂತರೆ ಅದು ಉಳಿದ ಗಾಳಿ ಹೊರಬಿದ್ದದ್ದು, ಆಮೇಲೂ ಇಳಿಯುತ್ತಲೇ ಹೋದರೆ ಮತ್ತೆ ಕೆಳಗೆ ರಟ್ಟು ಹಾಸಿ.