ಆಫೀಸಿನ ಇಪಿಎಬಿಎಕ್ಸ್‌ಗೆ ಕಂಪ್ಯೂಟರ್ ಜೋಡಿಸುವುದು: ಹಳೇ ಆಪರೇಟರ್ ಒಬ್ಬಳ ಪಾಠ

1996ರಲ್ಲಿ ಪೀಣ್ಯದ ಒಂದು ಕಾರ್ಖಾನೆಗೆ ಟೆಲಿಫೋನ್ ಆಪರೇಟರ್ ಆಗಿ ಸೇರಿದೆ. ಆಫೀಸಿನ ಒಳಗಿನ ಫೋನುಗಳನ್ನು ಹೊರಗಿನ ಲೈನುಗಳಿಗೆ ಜೋಡಿಸುವ ಪೆಟ್ಟಿಗೆಯೇ ಇಪಿಎಬಿಎಕ್ಸ್, ನಮ್ಮ ಬಾಯಲ್ಲಿ ಬೋರ್ಡು. ಆಗ ಕಾಲ್ ಲಾಗರ್ ಅಂದರೆ ನಾನೇ. ಉದ್ದನೆಯ ರಿಜಿಸ್ಟರ್, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಯಾರು ಮಾಡಿದರು, ಯಾವ ಊರಿಗೆ, ಎಷ್ಟೊತ್ತಿಗೆ ಶುರು, ಎಷ್ಟೊತ್ತಿಗೆ ಮುಗೀತು. ಎಸ್‌ಟಿಡಿ ಬಿಲ್ಲು ಬಂದ ದಿನ ಅಕೌಂಟ್ಸ್‌ನವರು ಆ ರಿಜಿಸ್ಟರ್ ಎತ್ತಿಕೊಂಡು ಹೋಗುತ್ತಿದ್ದರು. ಲೆಕ್ಕ ಯಾವತ್ತೂ ತಾಳೆಯಾಗುತ್ತಿರಲಿಲ್ಲ. ಬೈಗುಳ ನನಗೆ.

ಮೂರು ವರ್ಷ ಹೀಗೇ ನಡೆಯಿತು. ಒಂದು ದಿನ ಎಎಂಸಿ (ವರ್ಷದ ರಿಪೇರಿ ಕಾಂಟ್ರಾಕ್ಟು) ಹುಡುಗ ಬೋರ್ಡಿನ ಕವರ್ ಬಿಚ್ಚಿ ಧೂಳು ಹೊಡೆಯುತ್ತಿದ್ದ. ಮೂಲೆಯಲ್ಲಿ 9 ಪಿನ್ನಿನ ಒಂದು ಸಾಕೆಟ್ ಕಂಡಿತು.

"ಇದೇನಪ್ಪಾ?" ಅಂದೆ.

"ಅದಾ ಅಕ್ಕ, ಪ್ರಿಂಟರ್ ಹಾಕೋಕೆ. ಪ್ರತಿ ಕಾಲೂ ಅಲ್ಲಿಂದ ಹೊರಗೆ ಬರುತ್ತೆ. ಯಾರೂ ಹಾಕಲ್ಲ."

ನಾನು ಕೈ ನೋಯಿಸಿಕೊಂಡು ಬರೆಯುತ್ತಿದ್ದುದನ್ನೆಲ್ಲ ಬೋರ್ಡು ತಾನೇ ಹೇಳುತ್ತಿತ್ತು! ಕೇಳುವವರು ಇರಲಿಲ್ಲ, ಅಷ್ಟೇ. ಅವತ್ತಿನಿಂದ ಈ ಜೋಡಣೆ ಕೆಲಸ ನನಗೆ ಅಂಟಿಕೊಂಡಿತು. ನಮ್ಮದಲ್ಲದೆ ಗೊತ್ತಿದ್ದವರ ಆಫೀಸುಗಳಲ್ಲೂ ಮಾಡಿಕೊಟ್ಟಿದ್ದೇನೆ. ರಾಜಾಜಿನಗರದಲ್ಲಿ ಒಂದು ನರ್ಸಿಂಗ್ ಹೋಮು, ಕಲಾಸಿಪಾಳ್ಯದಲ್ಲಿ ಒಂದು ಲಾರಿ ಆಫೀಸು, ಹೀಗೆ. ಎಲ್ಲ ಕಡೆ ಮೊದಲು ಹೇಳುವ ಮಾತು ಒಂದೇ: ಏನನ್ನೂ ಕೊಳ್ಳಬೇಡಿ, ಮೊದಲು ನಿಮ್ಮ ಬೋರ್ಡಿನ ಹಿಂದೆ ಏನಿದೆ ನೋಡಿ.

ಆ ಸಾಕೆಟ್ಟಿಗೆ ಎಸ್‌ಎಂಡಿಆರ್ ಪೋರ್ಟ್ ಅನ್ನುತ್ತಾರೆ, ಪ್ರತಿ ಕಾಲಿನ ವಿವರ ಹೊರಗೆ ಬರುವ ಬಾಗಿಲು. ಕೆಲವರು ಸಿಡಿಆರ್ ಅನ್ನುತ್ತಾರೆ. ಎರಡೂ ಒಂದೇ ಅಂದುಕೊಳ್ಳಿ. ಹಳೇ ಬೋರ್ಡುಗಳಲ್ಲಿ ಇದು ಆರ್‌ಎಸ್-232 ಸೀರಿಯಲ್ ಪೋರ್ಟು, 9 ಪಿನ್ನು ಅಥವಾ 25 ಪಿನ್ನು. ಹೊಸದರಲ್ಲಿ ಅದೇ ಮಾಹಿತಿ ಲ್ಯಾನ್ ಮೇಲೆ ಬರುತ್ತದೆ. ಅದನ್ನು ಆಮೇಲೆ ಹೇಳುತ್ತೇನೆ. ಪೋರ್ಟು ಇದ್ದರೂ ಪ್ರೋಗ್ರಾಮಿಂಗ್‌ನಲ್ಲಿ ಔಟ್‌ಪುಟ್ ಆಫ್ ಆಗಿರಬಹುದು. ಅದನ್ನು ಆನ್ ಮಾಡಿಸಿ. ಇನ್‌ಕಮಿಂಗ್ ಬೇಕಾ, ಔಟ್‌ಗೋಯಿಂಗ್ ಮಾತ್ರ ಸಾಕಾ, ಅದನ್ನೂ ಅಲ್ಲೇ ಹೇಳಬೇಕು.

ಇನ್ನು ಕೇಬಲ್. ಜನ ಸೋಲುವುದು ಇಲ್ಲೇ. ನೇರ ಕೇಬಲ್ಲೋ ಕ್ರಾಸ್ ಕೇಬಲ್ಲೋ ಅಂತ ಎರಡು ದಿನ ಒದ್ದಾಡಿದವರನ್ನು ನೋಡಿದ್ದೇನೆ. ಊಹೆ ಯಾಕೆ, ಮಲ್ಟಿಮೀಟರ್ ಇದೆಯಲ್ಲ? ಡಿಸಿ ವೋಲ್ಟಿಗೆ ಇಡಿ. ಬೋರ್ಡು ಆನ್ ಇರಲಿ, ಕೇಬಲ್ ಏನೂ ಹಾಕಬೇಡಿ. ಕಪ್ಪು ಕಡ್ಡಿಯನ್ನು 5ನೇ ಪಿನ್ನಿಗೆ ಇಡಿ, ಅದು ಗ್ರೌಂಡು. ಕೆಂಪು ಕಡ್ಡಿಯನ್ನು ಮೊದಲು 2ಕ್ಕೆ, ಆಮೇಲೆ 3ಕ್ಕೆ ಮುಟ್ಟಿಸಿ. ಒಂದರಲ್ಲಿ ಮೈನಸ್ 5ರಿಂದ ಮೈನಸ್ 12ರ ಒಳಗೆ ಏನೋ ಒಂದು ತೋರಿಸುತ್ತದೆ, ಇನ್ನೊಂದರಲ್ಲಿ ಸೊನ್ನೆಯ ಹತ್ತಿರ ಇರುತ್ತದೆ. ಮೈನಸ್ ಬಂದ ಪಿನ್ನೇ ಬೋರ್ಡಿನ ಬಾಯಿ. ಸೀರಿಯಲ್ ಲೈನು ಸುಮ್ನೆ ಕೂತಾಗ ಮೈನಸ್‌ನಲ್ಲೇ ಇರುತ್ತದೆ.

ಕಂಪ್ಯೂಟರಿನ 9 ಪಿನ್ನಿನ ಪೋರ್ಟಿನಲ್ಲಿ ಬಾಯಿ ಯಾವಾಗಲೂ 3, ಕಿವಿ 2. ಹಾಗಾಗಿ ಬೋರ್ಡಿನ 2ರಲ್ಲಿ ಮೈನಸ್ ಬಂದರೆ ನೇರ ಕೇಬಲ್ ಸಾಕು. 3ರಲ್ಲಿ ಬಂದರೆ ಬಾಯಿಗೆ ಬಾಯಿ ಎದುರಾಗುತ್ತದೆ. ಆಗ 2 ಮತ್ತು 3 ಅದಲು ಬದಲು ಮಾಡಿದ ಕ್ರಾಸ್ ಕೇಬಲ್ ಬೇಕು. 25 ಪಿನ್ನಿನದಾದರೆ ಗ್ರೌಂಡು 7ನೇ ಪಿನ್ನು, ಮಿಕ್ಕ ವಿಧಾನ ಇದೇ. ಕನೆಕ್ಟರು, ಹುಡ್ಡು ಎಲ್ಲ ಎಸ್‌ಪಿ ರೋಡಿನಲ್ಲಿ ಬಿಡಿಯಾಗಿ ಸಿಗುತ್ತವೆ. ಬೆಸುಗೆ ಹಾಕಲು ಬಂದರೆ ಮೂರೇ ತಂತಿಯಲ್ಲಿ ಕೆಲಸ ಮುಗೀತು: 2, 3, 5 (25 ಪಿನ್ನಿನ ಕಡೆ 5ರ ಬದಲು 7).

ಇಷ್ಟಾದರೂ ಕೆಲವು ಬೋರ್ಡು ಬಾಯಿ ಬಿಡುವುದಿಲ್ಲ. ಎದುರಿಗಿರುವವನು "ರೆಡಿ" ಅಂದರೆ ಮಾತ್ರ ಮಾತಾಡುವ ಜಾತಿ ಅವು. ಹಳೇ ಪ್ರಿಂಟರ್ ಕಾಲದ ಮರ್ಯಾದೆ. ಮೂರು ತಂತಿಯ ಕೇಬಲ್ಲಿನಲ್ಲಿ ಆ "ರೆಡಿ" ಹೋಗುವುದೇ ಇಲ್ಲ. ಬೋರ್ಡಿನ ಕಡೆಯ 9 ಪಿನ್ನಿನ ಕನೆಕ್ಟರಿನೊಳಗೆ 7 ಮತ್ತು 8 ಸೇರಿಸಿ, 1, 4, 6 ಒಟ್ಟಿಗೆ ಸೇರಿಸಿ. ಇದೇ ಲೂಪ್. ತನ್ನ ಪ್ರಶ್ನೆಗೆ ತಾನೇ ಉತ್ತರ ಕೇಳಿಸಿಕೊಂಡು ಸಮಾಧಾನವಾಗುತ್ತದೆ.

ಆದರೆ ಕೇಬಲ್ ಸಿಕ್ಕಿಸುವ ಮುಂಚೆ ಇನ್ನೊಂದು ಅಳತೆ ಇದೆ. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ನಮ್ಮ ಬೋರ್ಡು ಗೇಟಿನ ಪಕ್ಕದ ರೂಮಿನಲ್ಲಿತ್ತು, ಕಂಪ್ಯೂಟರು ಅಕೌಂಟ್ಸ್‌ನಲ್ಲಿ. ಎರಡಕ್ಕೂ ಬೇರೆ ಬೇರೆ ಅರ್ಥಿಂಗ್. ಮೇ ತಿಂಗಳು, ಮಳೆ ಬಂದು ನಿಂತಿತ್ತು. ಕನೆಕ್ಟರ್ ತಾಗಿಸಿದ ಕೂಡಲೇ ಚಟ್ ಅಂತ ಕಿಡಿ. ಕಂಪ್ಯೂಟರಿನ ಸೀರಿಯಲ್ ಕಾರ್ಡು ಅವತ್ತೇ ಸತ್ತಿತು. ಆಮೇಲೆ ಎಸಿ ವೋಲ್ಟಿಗೆ ಇಟ್ಟು ಎರಡೂ ಪೆಟ್ಟಿಗೆಗಳ ಕಬ್ಬಿಣದ ಮೈ ನಡುವೆ ಅಳೆದರೆ 38 ವೋಲ್ಟು! ಈಗ ಇದನ್ನೇ ಮೊದಲು ಅಳೆಯುತ್ತೇನೆ. ಒಂದೆರಡು ವೋಲ್ಟಿಗಿಂತ ಜಾಸ್ತಿ ಬಂದರೆ ಜೋಡಿಸುವುದಿಲ್ಲ. ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ಸರಿ ಮಾಡಲಿ, ಇಲ್ಲವೇ ಐಸೊಲೇಟರ್ (ಎರಡು ಕಡೆಯ ಕರೆಂಟು ಬೆರೆಯದ ಹಾಗೆ ಬೇರ್ಪಡಿಸುವ ಭಾಗ) ಇರುವ ಸೀರಿಯಲ್ ಕನ್ವರ್ಟರ್ ಹಾಕಿ. ಕೇಬಲ್ಲು 15 ಮೀಟರ್ ದಾಟುವುದೂ ಬೇಡ. ದೂರ ಇದ್ದರೆ ಬೋರ್ಡಿನ ಪಕ್ಕದಲ್ಲೇ ಸೀರಿಯಲ್‌ನಿಂದ ಲ್ಯಾನ್‌ಗೆ ಬದಲಿಸುವ ಸಣ್ಣ ಡಬ್ಬಿ ಇಡಿ.

ಈಗಿನ ಕಂಪ್ಯೂಟರಿನಲ್ಲಿ ಸೀರಿಯಲ್ ಪೋರ್ಟು ಇರುವುದೇ ಅಪರೂಪ. ಯುಎಸ್‌ಬಿ ಕನ್ವರ್ಟರ್ ಹಾಕಬೇಕು. ತೀರಾ ಅಗ್ಗದ್ದು ತರಬೇಡಿ. ನಕಲಿ ಚಿಪ್ಪಾದರೆ ಡ್ರೈವರ್ ಕೂರುವುದಿಲ್ಲ, ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ ನೋಡುತ್ತಾ ಕೂರಬೇಕು. ಯಾವ ಯುಎಸ್‌ಬಿ ತೂತಿಗೆ ಹಾಕಿದಿರೋ ಅದಕ್ಕೇ ಗುರುತು ಹಾಕಿ. ಬೇರೆಯದಕ್ಕೆ ಹಾಕಿದರೆ ಕಾಮ್ ನಂಬರ್ (ಕಂಪ್ಯೂಟರ್ ಆ ಪೋರ್ಟಿಗೆ ಕೊಡುವ ಗುರುತಿನ ನಂಬರು) ಬದಲಾಗಿ ಸಾಫ್ಟ್‌ವೇರ್ ಕುರುಡಾಗಬಹುದು.

ಕಾಲ್ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಳ್ಳುವ ಆತುರವೂ ಬೇಡ. ಮೊದಲು ಪುಟ್ಟಿ ಅನ್ನುವ ಉಚಿತ ಪ್ರೋಗ್ರಾಂ ಹಾಕಿಕೊಳ್ಳಿ. ಸೀರಿಯಲ್ ಆರಿಸಿ, ಕಾಮ್ ನಂಬರ್ ಕೊಡಿ. ವೇಗ 9600, ಡೇಟಾ ಬಿಟ್ 8, ಪ್ಯಾರಿಟಿ None (ಬೇಡ), ಸ್ಟಾಪ್ ಬಿಟ್ 1, ಫ್ಲೋ ಕಂಟ್ರೋಲ್ None. ಹೆಚ್ಚಿನ ಬೋರ್ಡುಗಳಿಗೆ ಇದು ಹೊಂದುತ್ತದೆ. ಲಾಗಿಂಗ್‌ನಲ್ಲಿ ಎಲ್ಲ ಔಟ್‌ಪುಟ್ ಫೈಲಿಗೆ ಬರೆ ಅಂತ ಹೇಳಿ. ಈಗ ಒಂದು ಎಕ್ಸ್‌ಟೆನ್ಶನ್‌ನಿಂದ ನಿಮ್ಮ ಮೊಬೈಲಿಗೇ ಫೋನ್ ಮಾಡಿ, ಎತ್ತಿ, ಅರ್ಧ ನಿಮಿಷ ಬಿಟ್ಟು ಇಡಿ. ಡಯಲ್ ಮಾಡಿದ ತಕ್ಷಣ ಪರದೆಯಲ್ಲಿ ಏನೂ ಕಾಣುವುದಿಲ್ಲ, ಗಾಬರಿ ಬೇಡ. ರಿಸೀವರ್ ಇಟ್ಟ ಮೇಲೆ ಸಾಲು ಬರುತ್ತದೆ. ಸಾಲಿನ ಬದಲು ಪ್ರಶ್ನೆ ಚಿಹ್ನೆ, ಚೌಕ, ಕಸ ಬಂದರೆ ವೇಗ ತಪ್ಪಿದೆ. 4800, 2400, 1200 ಹೀಗೆ ಇಳಿಸುತ್ತಾ ಹೋಗಿ, ಇಲ್ಲವೇ 19200ಕ್ಕೆ ಏರಿಸಿ ನೋಡಿ. ಅರ್ಧ ಅಕ್ಷರ ಸರಿ, ಅರ್ಧ ಕೆಟ್ಟದ್ದು ಬಂದರೆ ಪ್ಯಾರಿಟಿ ನೋಡಿ.

ಸರಿಯಾಗಿ ಬಂದ ಸಾಲು ಹೀಗಿರುತ್ತದೆ:

12/06 10:42 117 02 0821* 00:00:41

ತಾರೀಖು, ಸಮಯ, ಎಕ್ಸ್‌ಟೆನ್ಶನ್ 117, ಹೊರಗಿನ 2ನೇ ಲೈನು, ಮೈಸೂರಿನ ನಂಬರು, 41 ಸೆಕೆಂಡು. ನೋಡಿದರೆ ಸಾಕ್ಷಿ ಹೇಳಿದ ಹಾಗಿದೆ, ಅಲ್ವಾ? ಇಲ್ಲಿ ಸ್ವಲ್ಪ ನಿಲ್ಲಿ.

117 ನಮ್ಮ ಸ್ಟೋರ್ಸ್. ಮೊದಲ ತಿಂಗಳ ಪಟ್ಟಿ ಕೈಗೆ ಬಂದಾಗ ಮ್ಯಾನೇಜರಿಗೆ ಹಬ್ಬ. ಒಂದೇ ದಿನ ಒಂದೇ ಮೈಸೂರು ನಂಬರಿಗೆ ಹನ್ನೊಂದು ಕಾಲು, ಎಲ್ಲ ಮುಕ್ಕಾಲು ನಿಮಿಷದ ಒಳಗೆ. ಸ್ಟೋರ್ಸ್‌ನ ಯಜಮಾನರನ್ನು ಕರೆಸಿ ಎಲ್ಲರೆದುರು ಕೇಳಿದರು. ಪಾಪ, ಅವರು "ಸಾರ್, ಸಪ್ಲೈಯರ್ ಫೋನೇ ಎತ್ತಲಿಲ್ಲ. ನಾನು ಮಾತಾಡೇ ಇಲ್ಲ" ಅಂದರು. ಯಾರೂ ನಂಬಲಿಲ್ಲ. ಟೆಲಿಫೋನ್ ಬಿಲ್ಲಿನಲ್ಲಿ ಆ ಹನ್ನೊಂದರಲ್ಲಿ ಒಂದೂ ಇರಲಿಲ್ಲ.

ಬೋರ್ಡು ಸುಳ್ಳು ಹೇಳಿರಲಿಲ್ಲ, ಅದಕ್ಕೆ ಗೊತ್ತಿರಲಿಲ್ಲ. ಮಾಮೂಲಿ ಅನಲಾಗ್ ಲೈನಿನಲ್ಲಿ ಆ ಕಡೆಯವರು ಎತ್ತಿದರಾ ಇಲ್ಲವಾ ಅಂತ ಬೋರ್ಡಿಗೆ ತಿಳಿಯುವುದಿಲ್ಲ. ಡಯಲ್ ಮುಗಿದು ಕೆಲವು ಸೆಕೆಂಡು ಆದ ಮೇಲೆ ಗಡಿಯಾರ ಓಡಿಸಿಬಿಡುತ್ತದೆ. ರಿಂಗ್ ಆದ ಹೊತ್ತೂ ಮಾತಿನ ಲೆಕ್ಕಕ್ಕೆ ಬೀಳುತ್ತದೆ. ಎತ್ತಿದಾಗ ಲೈನಿನ ಪ್ಲಸ್ ಮೈನಸ್ ತಿರುಗಿಸಿ ತಿಳಿಸುವ ಪೊಲಾರಿಟಿ ರಿವರ್ಸಲ್ ಅನ್ನುವ ಸೌಲಭ್ಯವಿದೆ. ಅದನ್ನು ಲೈನ್ ಕೊಟ್ಟವರೂ ಕೊಡಬೇಕು, ಬೋರ್ಡಿನಲ್ಲೂ ಆನ್ ಆಗಬೇಕು. ಪಿಆರ್‌ಐ (ಒಂದೇ ಡಿಜಿಟಲ್ ಲೈನಿನಲ್ಲಿ ಹಲವು ಕಾಲು) ಅಥವಾ ಎಸ್‌ಐಪಿ (ಇಂಟರ್ನೆಟ್ ತರಹದ ನೆಟ್‌ವರ್ಕ್ ಮೇಲೆ ಬರುವ ಫೋನ್) ಲೈನಾದರೆ ಈ ತಂಟೆ ಇಲ್ಲ, ಎತ್ತಿದ ಸುದ್ದಿ ಬೇರೆಯಾಗಿಯೇ ಬರುತ್ತದೆ.

ಆದ್ದರಿಂದ ಪಟ್ಟಿ ಮೇಲಿನವರ ಟೇಬಲ್ಲಿಗೆ ಹೋಗುವ ಮುಂಚೆ ಒಂದು ಪರೀಕ್ಷೆ ಮಾಡಿ. ನಿಮ್ಮ ಮೊಬೈಲಿಗೆ ಫೋನ್ ಮಾಡಿ, ಎತ್ತಬೇಡಿ, 40 ಸೆಕೆಂಡು ರಿಂಗ್ ಆಗಲಿ, ಇಡಿ. ಸಾಲಿನಲ್ಲಿ ಸಮಯ ಬಿದ್ದರೆ, ನಿಮ್ಮ ಬೋರ್ಡಿನ ಒಂದು ನಿಮಿಷದೊಳಗಿನ ಕಾಲುಗಳನ್ನು ಯಾರ ಮೇಲೂ ಹೊರಿಸುವ ಹಾಗಿಲ್ಲ ಅಂತ ಪಟ್ಟಿಯ ತಲೆಯಲ್ಲೇ ಬರೆಯಿರಿ. ನಾನು ಈಗಲೂ ಬರೆಯುತ್ತೇನೆ, ಕೆಂಪಕ್ಷರದಲ್ಲಿ.

ಬೋರ್ಡಿನ ಗಡಿಯಾರವನ್ನೂ ನೋಡಿ. ಒಳಗಿನ ಬ್ಯಾಟರಿ ಸತ್ತಿದ್ದರೆ ಕರೆಂಟು ಹೋಗಿ ಬಂದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತದೆ. ಕಂಪ್ಯೂಟರ್ ನಿದ್ದೆ ಹೋಗದ ಹಾಗೆ ಸೆಟ್ಟಿಂಗ್ ಬದಲಿಸಿ. ಬೋರ್ಡಿನ ನೆನಪು ಚಿಕ್ಕದು. ಕೇಳುವವರು ಇಲ್ಲದಿದ್ದರೆ ಹಳೆಯದನ್ನು ಅಳಿಸಿ ಹೊಸದು ಬರೆಯುತ್ತದೆ, ಇಲ್ಲವೇ ಇಟ್ಟುಕೊಳ್ಳುವುದೇ ಇಲ್ಲ. ಒಳಬರುವ ಕಾಲಿನ ನಂಬರು ಕಾಣದಿದ್ದರೆ ಕಾಲರ್ ಐಡಿ ಕಾರ್ಡಿದೆಯಾ, ಅದು ಡಿಟಿಎಂಎಫ್‌ಗೆ ಇದೆಯಾ ಎಫ್‌ಎಸ್‌ಕೆಗೆ ಇದೆಯಾ ನೋಡಿ. ನಂಬರು ಕಳಿಸುವ ಎರಡು ವಿಧಾನ ಅವು. ಲೈನಿನಲ್ಲಿ ಬರುವುದಕ್ಕೆ ಅದು ಹೊಂದಬೇಕು.

ಮಾತನ್ನೇ ರೆಕಾರ್ಡ್ ಮಾಡುವ ವಾಯ್ಸ್ ಲಾಗರ್ ಬೇರೆ ವಿಷಯ. ಅದು ಬೋರ್ಡಿಗಲ್ಲ, ಲೈನಿಗೆ ಜೋಡಿಸುವಂಥದ್ದು. ಹೊರಗಿನ ಲೈನು ಬೋರ್ಡಿಗೆ ಹೋಗುವ ಮುಂಚೆ ಕ್ರೋನ್ ಪಟ್ಟಿಯ (ತಂತಿಗಳನ್ನು ಹಲ್ಲುಗಳ ನಡುವೆ ಒತ್ತಿ ಕೂರಿಸುವ ಪಟ್ಟಿ) ಮೇಲೆ ಕೂತಿರುತ್ತದೆ. ಆ ಜೋಡಿಗೆ ಸಮಾನಾಂತರವಾಗಿ ಲಾಗರಿನ ಜೋಡಿಯನ್ನು ಪಂಚ್ ಮಾಡಬೇಕು. ಸ್ಕ್ರೂಡ್ರೈವರಿನಲ್ಲಿ ಒತ್ತಬೇಡಿ, ಹಲ್ಲು ಅಗಲವಾಗಿ ಆ ಲೈನು ಮಳೆಗಾಲವಿಡೀ ಕರಕರ ಅನ್ನುತ್ತದೆ. ರಿಸೀವರ್ ಇಟ್ಟಾಗ ಲೈನಿನಲ್ಲಿ ಸುಮಾರು 48 ವೋಲ್ಟು, ಎತ್ತಿದಾಗ ಹತ್ತರ ಆಸುಪಾಸಿಗೆ ಇಳಿಯುತ್ತದೆ. ಆ ಇಳಿತ ನೋಡಿಯೇ ಲಾಗರ್ ರೆಕಾರ್ಡಿಂಗ್ ಶುರು ಮಾಡುವುದು. ಮೇಜಿನ ಮೇಲಿನ ಡಿಜಿಟಲ್ ಕೀ ಫೋನಿನ ತಂತಿಗೆ ಅನಲಾಗ್ ಲಾಗರ್ ಹಾಕಿದರೆ ಬರೀ ಶಬ್ದ ಸಿಗುತ್ತದೆ. ಪಿಆರ್‌ಐಗೆ ಅದರದೇ ಲಾಗರ್ ಬೇಕು. ಹಾಂ, ಎಕ್ಸ್‌ಟೆನ್ಶನ್ ತಂತಿಯನ್ನು ಕಂಪ್ಯೂಟರಿನ ಲ್ಯಾನ್ ತೂತಿಗೆ ತಳ್ಳುವವರಿದ್ದಾರೆ. ಪಿನ್ನು ಸಣ್ಣದು, ಒಳಗೆ ಹೋಗಿಬಿಡುತ್ತದೆ. ರಿಂಗ್ ಬಂದಾಗ ಅಲ್ಲಿ 75 ವೋಲ್ಟಿಗೂ ಮೇಲೆ ಎಸಿ ಇರುತ್ತದೆ. ಲ್ಯಾನ್ ಕಾರ್ಡಿನ ಕಥೆ ಅಲ್ಲಿಗೆ ಮುಗಿಯಬಹುದು.

ಜಾಗದ ಲೆಕ್ಕ ಸುಲಭ. ಕಂಪ್ರೆಸ್ ಮಾಡದೆ ಇಟ್ಟ ಟೆಲಿಫೋನ್ ಧ್ವನಿ ಸೆಕೆಂಡಿಗೆ 8000 ಬೈಟ್. ಗಂಟೆಗೆ ಸುಮಾರು 29 ಎಂಬಿ. 8 ಲೈನು, ದಿನಕ್ಕೆ ತಲಾ 3 ಗಂಟೆ ಮಾತು ಅಂದರೆ 700 ಎಂಬಿ. ತಿಂಗಳಿಗೆ 25 ದಿನ ಹಿಡಿದರೆ 17 ಜಿಬಿ ಚಿಲ್ಲರೆ. ಮಾರುವವರು ದೊಡ್ಡ ಡಿಸ್ಕ್ ತಲೆಗೆ ಕಟ್ಟುವ ಮುಂಚೆ ಈ ಗುಣಾಕಾರ ಮಾಡಿ.

ರೆಕಾರ್ಡ್ ಮಾಡುತ್ತೀರಿ ಅಂದರೆ ಸಿಬ್ಬಂದಿಗೂ ಫೋನ್ ಮಾಡಿದವರಿಗೂ ಹೇಳಿ. ಕದ್ದು ಕೇಳುವ ಕೆಲಸಕ್ಕೆ ನಾನು ತಂತಿ ಎಳೆದುಕೊಡುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಕೇಸನ್ನು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ನಾವೇ ಅದನ್ನು ಮರೆತರೆ ಹೇಗೆ?

ಹೊಸ ಐಪಿ ಬೋರ್ಡಿನವರಿಗೆ ಕೆಲಸ ಕಡಿಮೆ. ಬೋರ್ಡಿನ ಐಪಿ ವಿಳಾಸ, ಎಸ್‌ಎಂಡಿಆರ್‌ನ ಪೋರ್ಟ್ ನಂಬರ್ ಕೊಟ್ಟರೆ ಹಲವು ಬೋರ್ಡುಗಳಲ್ಲಿ ಅದೇ ಪುಟ್ಟಿಯಲ್ಲೇ ಸಾಲುಗಳು ಬರುತ್ತವೆ. ಕಂಪನಿಯಿಂದ ಬಂದ ಪಾಸ್‌ವರ್ಡ್ ಮಾತ್ರ ಮೊದಲ ದಿನವೇ ಬದಲಿಸಿ, ಅದು ಎಲ್ಲರಿಗೂ ಗೊತ್ತಿರುತ್ತದೆ. ಆಸ್ಟರಿಸ್ಕ್ (ಕಂಪ್ಯೂಟರನ್ನೇ ಬೋರ್ಡು ಮಾಡುವ ಉಚಿತ ಸಾಫ್ಟ್‌ವೇರ್) ಹಾಕಿಕೊಂಡವರಿಗೆ ತಂತಿಯೂ ಬೇಡ. ಮಾಸ್ಟರ್ ಅನ್ನುವ ಸಿಎಸ್‌ವಿ ಫೈಲಿನಲ್ಲಿ ಎಲ್ಲ ಬಿದ್ದಿರುತ್ತದೆ. ಅದರಲ್ಲಿ ಡ್ಯುರೇಶನ್, ಬಿಲ್‌ಸೆಕ್ ಅಂತ ಎರಡು ಲೆಕ್ಕಗಳಿವೆ. ಮೊದಲನೆಯದರಲ್ಲಿ ರಿಂಗೂ ಸೇರಿದೆ, ಎರಡನೆಯದು ಎತ್ತಿದ ಮೇಲಿನದು ಮಾತ್ರ. ಎರಡನೆಯದನ್ನೇ ನೋಡಿ. ನಮ್ಮ ಸ್ಟೋರ್ಸ್ ಯಜಮಾನರ ಕಾಲಕ್ಕೆ ಇದೂ, ಎತ್ತಿದ ಸುದ್ದಿ ಕೊಡುವ ಲೈನೂ ಇದ್ದಿದ್ದರೆ ಬಿಲ್‌ಸೆಕ್‌ನಲ್ಲಿ ಹನ್ನೊಂದು ಸೊನ್ನೆ ಕಾಣುತ್ತಿದ್ದವು.

ಕೆಲಸ ಮುಗಿದ ಮೇಲೆ ಬೋರ್ಡಿನ ಕವರಿನ ಒಳಗಡೆ ಒಂದು ಚೀಟಿ ಅಂಟಿಸಿ. ವೇಗ ಎಷ್ಟು, ನೇರ ಕೇಬಲ್ಲೋ ಕ್ರಾಸೋ, ಲೂಪ್ ಹಾಕಿದೆಯಾ, ಕಂಪ್ಯೂಟರಿನಲ್ಲಿ ಯಾವ ಕಾಮ್, ಬ್ಯಾಟರಿ ಹಾಕಿದ ತಾರೀಖು. ಪೆನ್ಸಿಲಿನಲ್ಲಿ ಬರೆಯಿರಿ, ಬಾಲ್ ಪೆನ್ನಿನ ಶಾಯಿ ವರ್ಷ ಕಳೆದಂತೆ ಮಾಸಬಹುದು. ನಮ್ಮ ಬೋರ್ಡಿನಲ್ಲಿ 1999ರ ಚೀಟಿ ಇನ್ನೂ ಓದಲು ಬರುತ್ತದೆ.